ಗೊರಕೆಯ ವಾರಸುದಾರ

ಬೀಗ ರಿಪೇರಿಯವನ ಸಂಸಾರ ಮುಗ್ಗರಿಸಿದ್ದು ಒಂದು ಆಕಳಿಕೆಯಿಂದ. ಬೆಳಿಗ್ಗೆ ಮೆಟ್ಟಿಲ ಕೆಳಗಿನ ತನ್ನ ಅಂಗಡಿಯ ಬಾಗಿಲು ತೆಗೆಯುತ್ತಾ ಬಾಯಿಯನ್ನೂ ತೆಗೆದ. ಮೇಲಿನ ಮನೆಯ ಟೈಲರಮ್ಮ ಇಳಿದು ಬರುತ್ತಾ, "ಏನಣ್ಣಾ, ರಾತ್ರಿ ನಿದ್ದೆ ಇಲ್ವಾ?" ಎಂದಳು. ಸುಮ್ಮನೆ ಸೊಳ್ಳೆ ಕಾಟ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಊರಿನ ಬೀಗವನ್ನೆಲ್ಲ ರಿಪೇರಿ ಮಾಡುವವನ ನಾಲಿಗೆಗೇ ಬೀಗ ಇರಲಿಲ್ಲ.

"ನಮ್ಮನೆಯವಳ ಗೊರಕೆ ಕಣಮ್ಮಾ. ಮರ ಕೊಯ್ಯೋ ಮಿಲ್ಲಿನ ಪಕ್ಕ ಮಲಗಿದಂಗಾಗುತ್ತೆ" ಅಂದುಬಿಟ್ಟ.

ಪಕ್ಕದ ಮನೆಗೆ ಬೆಂಕಿ ಬಿದ್ದರೆ ಒಂದು ಚೊಂಬು ನೀರು ತರದ ಜನ, ಪಕ್ಕದ ಮನೆಯ ಸುದ್ದಿಯನ್ನು ಮಾತ್ರ ಕೊಡಗಟ್ಟಲೆ ಹೊರುತ್ತಾರೆ. ಮಧ್ಯಾಹ್ನಕ್ಕೆ ಆ ಗೊರಕೆಗೆ ಕೈಕಾಲು ಬಂತು. ಸಂಜೆಗೆ ಮೀಸೆಯೂ ಮೂಡಿ, ಸೀದಾ ಹೋಗಿ ಹೆಂಡತಿಯ ಮುಂದೆ ನಿಂತಿತು. ಅವಳು ಬ್ಯಾಗು ತುಂಬಿಕೊಂಡು, ನಡುಗಡ್ಡೆಯಲ್ಲಿರುವ ಅಕ್ಕನ ಮನೆಗೆ ಲಾಂಚು ಹತ್ತಿದಳು.

ಶನಿವಾರ ಬೆಳಿಗ್ಗೆ ಅವಳ ಫೋನು ಬಂತು.

"ಇವತ್ತು ಬಂದು ಅಕ್ಕ ಭಾವನ ಎದುರಿಗೆ ತಪ್ಪಾಯ್ತು ಅನ್ನಿ, ಜೊತೇಲಿ ಬರ್ತೀನಿ. ಇಲ್ಲಾಂದ್ರೆ ನಾಳೆ ನಮ್ಮಣ್ಣ ಬಂದು ನನ್ ಮಂಚ, ಬೀರು, ಮಿಕ್ಸಿ ಎಲ್ಲಾ ಎತ್ಕೊಂಡು ಹೋಗ್ತಾನೆ."

ಮಂಚ ಹೋದರೆ ನೆಲ ಇತ್ತು. ಬೀರು ಹೋದರೆ ಗೋಡೆಗೆ ಮೊಳೆ ಇತ್ತು. ಅವಳೇ ಹೋದರೆ ಏನಿತ್ತು? ಅವಳು ಹೋದಾಗಿನಿಂದ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅವನಿಗೆ ಈಗಲೂ ನಿದ್ದೆ ಬರುತ್ತಿರಲಿಲ್ಲ.

ಆದರೆ ಹುಟ್ಟಿದಾಗಿನಿಂದ ಅವನ ಬಾಯಿಂದ 'ತಪ್ಪಾಯ್ತು' ಎಂಬ ಮಾತು ಹೊರಟಿರಲಿಲ್ಲ. ಬೀಗ ಕೆಟ್ಟರೆ ಬೀಗದ ತಪ್ಪು, ಕೀಲಿ ಮುರಿದರೆ ಗಿರಾಕಿಯ ತಪ್ಪು. ಅದಕ್ಕೇ ಲಾಂಚಿನಲ್ಲಿ ಇಂಜಿನ್ನಿನ ಪಕ್ಕದ ಸೀಟೇ ಹಿಡಿದ. ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆಂಬ ಧೈರ್ಯದ ಮೇಲೆ ಅಭ್ಯಾಸ ಶುರುಮಾಡಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಕಣ್ಣು ಮುಚ್ಚಿಕೊಂಡು ಭಾವತುಂಬಿ. ನಡುನೀರಿನಲ್ಲಿ, ಲಾಂಚಿನ ತಳದಲ್ಲಿ ನೀರೊಳಗೆ ತಿರುಗುವ ಫ್ಯಾನಿಗೆ ಯಾವುದೋ ಹಳೇ ಹಗ್ಗ ಸುತ್ತಿಕೊಂಡು ಇಂಜಿನ್ನು ಗಕ್ಕನೆ ನಿಂತಿತು. ಇವನು ನಿಲ್ಲಲಿಲ್ಲ.

"ತಪ್ಪಾಯ್ತು ಕಣೇ ನನ್ ಚಿನ್ನಾ!"

ಇಡೀ ಲಾಂಚು ತಿರುಗಿ ನೋಡಿತು. ಎದುರಿಗೆ ಬುಟ್ಟಿತುಂಬ ಮೊಟ್ಟೆ ಇಟ್ಟುಕೊಂಡು ಕೂತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು, "ನಂಗಾ?" ಅಂದಳು.

"ಅಯ್ಯೋ ಅಲ್ಲಜ್ಜಿ, ನನ್ ಹೆಂಡ್ತಿಗೆ."

"ಎಲ್ಲವ್ಳೆ?"

"ನಡುಗಡ್ಡೇಲಿ."

"ಕೇಳಿಸಿರುತ್ತೆ ಬಿಡು."

ಡ್ರೈವರು ಬಾಯಲ್ಲಿ ಚಾಕು ಕಚ್ಚಿಕೊಂಡು ಹಗ್ಗ ಕೊಯ್ಯಲು ನೀರಿಗಿಳಿದ. ಮಿಕ್ಕವರಿಗೆ ಕೈತುಂಬ ಕೆಲಸ ಸಿಕ್ಕಿತ್ತು. ಅಜ್ಜಿ ವಿಚಾರಣೆಗೆ ಕೂತಳು. "ಏನ್ ಮಾಡ್ದೆ?"

"ಗೊರಕೆ ಹೊಡೀತಾಳೆ ಅಂದೆ."

"ನಿಜವಾಗ್ಲೂ ಹೊಡೀತಾಳಾ?"

"ಹೊಡೀತಾಳೆ."

"ಅಯ್ಯೋ ಮಂಕೇ! ಸುಳ್ಳು ಹೇಳಿದ್ರೆ ಎರಡು ದಿನಕ್ಕೆ ಮರೀತಿದ್ಲು. ನಿಜ ಹೇಳ್ಬಿಟ್ಟಿದ್ದೀಯಲ್ಲೋ!"

ಮೂಲೆಯಲ್ಲಿ ಕೊಡೆ ಹಿಡಿದು ಕೂತಿದ್ದ ರಿಟೈರಾದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ರಿಟೈರಾದರೂ ಅವರ ಪಾಠ ರಿಟೈರಾಗಿರಲಿಲ್ಲ. "ಬರೀ ತಪ್ಪಾಯ್ತು ಅಂದ್ರೆ ಆಗಲ್ಲಯ್ಯಾ. ವಾಕ್ಯದಲ್ಲಿ ಕರ್ತೃ ಎಲ್ಲಿ? ಮಳೆ ಆಯ್ತು, ಊಟ ಆಯ್ತು, ತಪ್ಪಾಯ್ತು. ಯಾರಿಂದ ಆಯ್ತು?"

"ಮದುವೆ ಆಯ್ತು, ತಪ್ಪಾಯ್ತು. ಎರಡೂ ಒಂದೇ ವಾಕ್ಯ ಬಿಡಿ ಮೇಷ್ಟ್ರೇ" ಅಂದ ಟಿಕೆಟ್ಟಿನವನು.

"ನೀನು ಟಿಕೆಟ್ ಹರಿ, ವ್ಯಾಕರಣ ಹರೀಬೇಡ."

ಅಜ್ಜಿ ಇಬ್ಬರನ್ನೂ ಗದರಿಸಿದಳು. "ಸುಮ್ನಿರ್ರೋ! ನೋಡಪ್ಪಾ, ಗೊರಕೆ ನಂದೇ ಅಂದ್ಬಿಡು. ಅವಳು ಹೂವಿನಂಗೆ ಮಲಗ್ತಾಳೆ, ನಾನೇ ನನ್ ಗೊರಕೆಗೆ ಎದ್ದು ಅವಳ್ದು ಅನ್ಕೊಂಡೆ ಅನ್ನು. ಗಂಡಸಿಗೆ ಗೊರಕೆ ಮೀಸೆ ಇದ್ದಂಗೆ, ಯಾರೂ ತಪ್ಪು ತಿಳಿಯಲ್ಲ."

ತಾಲೀಮು ನಡೆಯಲೇಬೇಕೆಂದು ತೀರ್ಮಾನವಾಯಿತು. ಟಿಕೆಟ್ಟಿನವನು ಟವೆಲ್ಲು ತಲೆಗೆ ಹೊದ್ದು, ಚೀಲ ಸೊಂಟಕ್ಕಿಟ್ಟು, ಮುಖ ತಿರುಗಿಸಿ ಹೆಂಡತಿಯಾದ. ದಪ್ಪ ಮೀಸೆಯ ಹೆಂಡತಿ.

"ನನ್ನಿಂದ ತಪ್ಪಾಯ್ತು. ಗೊರಕೆ ನಂದೇ."

"ಹೋಗ್ರೀ ಅತ್ಲಾಗೆ!" ಎಂದು ಹೆಂಡತಿ ಭುಜ ಕೊಡವಿದಳು. ಜನ ಚಪ್ಪಾಳೆ ತಟ್ಟಿದರು.

"ಇನ್ನೂ ಬಗ್ಗು! ನಿನ್ ಸೊಂಟ ಏನು ಕಬ್ಬಿಣದ್ದಾ?" ಎಂದಳು ಅಜ್ಜಿ.

ಇವನು ಮಂಡಿಯೂರಲು ಬಗ್ಗಿದ. ಹಗ್ಗ ತುಂಡಾಗಿ, ಡ್ರೈವರು ಮೇಲೆ ಬಂದು ಇಂಜಿನ್ನು ಚಾಲೂ ಮಾಡಿದ್ದು ಅದೇ ಗಳಿಗೆಯಲ್ಲಿ. ಲಾಂಚು ಜಗ್ಗಿತು, ಎರಡು ಮಂಡಿಯೂ ಅಜ್ಜಿಯ ಬುಟ್ಟಿಗೆ ಇಳಿದವು. ಮೊಟ್ಟೆಯ ಬೆಲೆ ಕೊಡುವವರೆಗೂ ಅಜ್ಜಿ ಅವನ ಕಾಲರು ಬಿಡಲಿಲ್ಲ. ಕೊಟ್ಟ ಮೇಲೆ ಮತ್ತೆ ತಾಯಿಯಂತಾದಳು.

ದಡ ಸೇರಿದ ಮೇಲೆ, ಮನೆಗೆ ಹೋಗಬೇಕಾದವರು ಯಾರೂ ಮನೆಗೆ ಹೋಗಲಿಲ್ಲ. ಅಜ್ಜಿ ಮುಂದೆ, ಮೇಷ್ಟ್ರು ಹಿಂದೆ, ನಡುವೆ ಪ್ಯಾಂಟಿನ ತುಂಬ ಹಳದಿ ಲೋಳೆ ಬಳಿದುಕೊಂಡ ಬೀಗದವನು. ಟಿಕೆಟ್ಟಿನವನೂ ಲಾಂಚು ಬಿಟ್ಟು ಬಂದಿದ್ದ. ಗೋಣಿಚೀಲ ಹೊತ್ತವರು, ಸೈಕಲ್ಲು ತಳ್ಳುವವರು ಎಲ್ಲರೂ ಸೇರಿ ಒಂದು ಮೆರವಣಿಗೆ ಹೆಂಡತಿಯ ಅಕ್ಕನ ಮನೆಯ ಮುಂದೆ ನಿಂತಿತು.

ಹೆಂಡತಿ ಬಾಗಿಲಿಗೆ ಬಂದಳು, ಹಿಂದೆಯೇ ಅವಳ ಅಕ್ಕ, ಇವನ ಅತ್ತಿಗೆ. ಅಕ್ಕನ ಗಂಡ, ಎಂದರೆ ಇವನ ಷಡ್ಡಕ, ಗೋಡೆಗೆ ಒರಗಿ ನಿಂತಿದ್ದ. ಅವನ ಕಣ್ಣು ಎರಡು ಹಣ್ಣು ಮೆಣಸಿನಕಾಯಿಯಂತೆ ಕೆಂಪಗಿತ್ತು.

"ನನ್ನಿಂದ ತಪ್ಪಾಯ್ತು!" ಬೀಗದವನು ಬಗ್ಗಿದ. ಈ ಸಲ ಸೊಂಟ ಮಾತು ಕೇಳಿತು. "ಗೊರಕೆ ನಂದೇ. ನೀನು ಹೂವಿನಂಗೆ ಮಲಗ್ತೀಯ. ಇಷ್ಟು ಜನರ ಎದುರಿಗೆ ಹೇಳ್ತಿದ್ದೀನಿ!"

ಹೆಂಡತಿಯ ಮುಖ ಅರಳಿತು. ಅಜ್ಜಿ ಕಣ್ಣೊರೆಸಿಕೊಂಡಳು. ಮೇಷ್ಟ್ರು "ಕರ್ತೃ ಬಂತು" ಎಂದು ತಲೆದೂಗಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಷಡ್ಡಕ ಬಾಯಿ ಬಿಟ್ಟ.

"ಹಂಗಾದ್ರೆ ಇಷ್ಟು ದಿನ ರಾತ್ರಿಯೆಲ್ಲಾ ನಮ್ಮನೆ ಹೆಂಚು ಅಲ್ಲಾಡ್ಸಿದ್ದು ಯಾರು?"

"ನೋಡಿದ್ಯೇನೇ!" ಅತ್ತಿಗೆ ಸಿಡಿದಳು. "ನೀನು ಬಂದಾಗಿನಿಂದ ಇವ್ರದ್ದು ಇದೇ ರಾಗ. ನಿನ್ ತಂಗಿ ಗೊರಕೆ ಹೊಡೀತಾಳೆ, ನಿನ್ ತಂಗಿ ಗೊರಕೆ ಹೊಡೀತಾಳೆ! ರೀ, ಅವ್ರನ್ನ ನೋಡಿ ಕಲೀರಿ! ಊರೆದುರು ಹೆಂಗೆ ಒಪ್ಕೊಂಡ್ರು! ನೀವೂ ತಪ್ಪಾಯ್ತು ಅನ್ನಿ!"

"ನಾನ್ಯಾಕೆ ಅನ್ಲಿ? ಹೊಡೀತಾಳೆ!"

"ಅನ್ನಲ್ವಾ?"

"ಅನ್ನಲ್ಲ."

"ಸರಿ. ನಾನೂ ತಂಗಿ ಜೊತೆ ಹೊರಟೆ. ನೀವು ಬಂದು ತಪ್ಪಾಯ್ತು ಅನ್ನೋವರ್ಗೂ ಅಲ್ಲೇ ಇರ್ತೀನಿ. ಏನಪ್ಪಾ, ಇರ್ಬಹುದು ತಾನೇ?"

ಇರಬಹುದು ಅನ್ನದೆ ಬೀಗದವನಿಗೆ ಬೇರೆ ದಾರಿಯೇ ಇರಲಿಲ್ಲ. ಅತ್ತಿಗೆ ಟ್ರಂಕು ತುಂಬಿದಳು. ಷಡ್ಡಕ ತಡೆಯಲಿಲ್ಲ. ಅದನ್ನು ತಾನೇ ಹೊತ್ತು ದಡದವರೆಗೆ ತಂದು, ಇವನ ಎರಡೂ ಕೈ ಹಿಡಿದು, "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದ. ಜಗಳವಾಡಿದವನ ಮುಖದಲ್ಲಿ ಅಂಥ ನಗು ಏಕೆಂದು ಬೀಗದವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಸಂಜೆಯ ಲಾಂಚಿನಲ್ಲಿ. ಇವನು ನಡುವೆ, ಹೆಂಡತಿ ಎಡಕ್ಕೆ, ಅತ್ತಿಗೆ ಬಲಕ್ಕೆ. ತಂಪು ಗಾಳಿ. ಎಡ ಭುಜದ ಮೇಲೊಂದು ತಲೆ ಬಿತ್ತು, ಬಲ ಭುಜದ ಮೇಲೆ ಇನ್ನೊಂದು. ಇಬ್ಬರೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಮಿಲ್ಲು ಚಾಲೂ ಆಯಿತು. ಎಡಗಡೆಯದು ಬರೀ ಕೈಗರಗಸ, ಬಲಗಡೆಯದು ಪೂರಾ ಕಾರ್ಖಾನೆ.

ಡ್ರೈವರು ಇಂಜಿನ್ನು ಕೆಟ್ಟಿತೆಂದು ಗಾಬರಿಯಾಗಿ ಆಫ್ ಮಾಡಿದ. ಸದ್ದು ನಿಲ್ಲಲಿಲ್ಲ. ಲಾಂಚಿನ ಹೊಸ ಪ್ರಯಾಣಿಕರೆಲ್ಲ ತಿರುಗಿ ನೋಡಿದರು.

ಬೀಗದವನು "ನಾನಲ್ಲ" ಅನ್ನಲು ಬಾಯಿ ತೆರೆದ. ಎಡ ಭುಜದ ಮೇಲಿನ ತಲೆ ಕೊಂಚ ಮಿಸುಕಿತು. ಬಾಯಿ ಮುಚ್ಚಿದ.

"ಅವ್ರೇ" ಎಂದು ಟಿಕೆಟ್ಟಿನವನು ಎಲ್ಲರಿಗೂ ವಿವರಿಸಿದ. "ಮಧ್ಯಾಹ್ನ ಊರೆದುರು ಒಪ್ಕೊಂಡಿದ್ದಾರೆ. ನೋಡಿ, ಕಣ್ಣು ಬಿಟ್ಕೊಂಡೇ ಹೊಡೀತಾರೆ! ಪಾಪ, ಆ ಹೆಣ್ಮಕ್ಕಳು ಇವರ ಪಕ್ಕದಲ್ಲಿ ಅದು ಹೆಂಗೆ ನಿದ್ದೆ ಮಾಡ್ತಾರೋ!"