ನನ್ನ ತೂಕದಷ್ಟು ಕಬ್ಬಿಣ

ನಲವತ್ತು ದಾಟಿದ ಹೆಂಗಸಿನ ಮೈಗೆ ಬಲ ಬರುವುದಿಲ್ಲ, ಬರುವುದಿದ್ದರೆ ವಾತ ಮಾತ್ರ ಎಂದು ಹೇಳಿದವಳು ನನ್ನ ನಾದಿನಿ ಶಶಿಕಲಾ. ಘಾಜಿಯಾಬಾದಿನ ತನ್ನ ಫ್ಲ್ಯಾಟಿನಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಹವಾಮಾನದ ವರದಿ ಓದಿದಷ್ಟು ನಿರ್ವಿಕಾರವಾಗಿ ಹೇಳಿದಳು. ಹೇಳಿದವಳು ಅವಳೊಬ್ಬಳೇ ಅಲ್ಲ. ನನ್ನ ಗಂಡ ಹೇಳಿದರು, ಕೆಳಗಿನ ಮನೆಯ ಶರ್ಮಾ ಆಂಟಿ ಹೇಳಿದರು, ಯಾವತ್ತೂ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತದ ನನ್ನ ಆಫೀಸಿನ ಹೆಡ್‌ಕ್ಲರ್ಕ್ ಕೂಡ ಹೇಳಿದರು. ಆದರೆ ಶಶಿಕಲಾಳ ಮಾತಿಗೆ ಒಂದು ವಿಶೇಷವಿದೆ. ಅದು ಕಿವಿಯಲ್ಲಿ ನಿಲ್ಲುವುದಿಲ್ಲ, ನೇರವಾಗಿ ಹೊಟ್ಟೆಗಿಳಿದು ಅಲ್ಲಿ ಒಲೆ ಹಚ್ಚುತ್ತದೆ.

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವರು ಆಸೆಯಿಂದ ಕೆಲಸ ಮಾಡುತ್ತಾರೆ, ಕೆಲವರು ಶಿಸ್ತಿನಿಂದ. ನನ್ನ ಬದುಕಿನಲ್ಲಿ ಆದ ಒಳ್ಳೆಯದೆಲ್ಲ ಸಿಟ್ಟಿನಿಂದಲೇ ಆದದ್ದು. ನನ್ನ ಅಪ್ಪ ಉಡುಪಿಯಲ್ಲಿ ಇನ್ನೊಬ್ಬರ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅಮ್ಮನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅದರಾಚೆಗಿನ ಅಕ್ಷರಗಳ ಗೊಡವೆ ಇರಲಿಲ್ಲ. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ದಿಲ್ಲಿಗೆ ಬಂದೆ. ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ನಮ್ಮವರದು ಒಂದು ಸಣ್ಣ ಇಡ್ಲಿ ದೋಸೆಯ ಹೋಟೆಲು. ಅಂಚೆ ಮೂಲಕ ಡಿಗ್ರಿ ಓದುತ್ತೇನೆಂದಾಗ ಮಾವ ಗಲ್ಲಾದಿಂದ ತಲೆಯೆತ್ತದೆ ಕೇಳಿದರು, "ಬಿ.ಕಾಂ. ಎಂತಕ್ಕೆ? ಚಟ್ನಿಗೆ ಹಾಕ್ಲಿಕ್ಕಾ?" ಅವರು ಹಾಗೆ ಕೇಳದೇ ಇದ್ದಿದ್ದರೆ ನಾನು ಮೊದಲನೇ ವರ್ಷಕ್ಕೇ ಬಿಡುತ್ತಿದ್ದೆ. ಕೇಳಿದ್ದರಿಂದ ಪಾಸಾದೆ. ನಮ್ಮ ಎರಡೂ ಮನೆತನಗಳಲ್ಲಿ ಪದವಿ ಪಡೆದ ಮೊದಲ ಪ್ರಾಣಿ ನಾನು. ಇದೇ ಊರಿನ ಒಂದು ಶಾಲೆಯ ಅಕೌಂಟ್ಸ್ ವಿಭಾಗದಲ್ಲಿ ಕೂತು ಸಂಬಳ ಎಣಿಸುತ್ತಿರುವುದು ಅದರಿಂದಲೇ. ಈ ಸಂಗತಿಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ತರಕಾರಿ ಭಯ್ಯಾ ಬೆಂಡೆಕಾಯಿ ತೂಗುವ ಮೊದಲೇ "ಹಾಂ ಮೇಡಂಜಿ, ಬೀಕಾಂ" ಎಂದು ತಾನೇ ಶುರು ಮಾಡುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಒಂದು ದಿನ, ಆಫೀಸಿನ ಕೆಳಗಿನ ಕಪಾಟಿನಿಂದ ಹಳೆಯ ಫೈಲು ತೆಗೆಯಲು ಕುಕ್ಕರಗಾಲಲ್ಲಿ ಕೂತೆ. ಫೈಲು ಸಿಕ್ಕಿತು. ಏಳಲು ಮಾತ್ರ ಆಗಲಿಲ್ಲ. ನೋವೇನೂ ಇರಲಿಲ್ಲ, ಕಾಲುಗಳು ರಜೆ ಹಾಕಿ ಹೋದಂತಿತ್ತು. ಕೊನೆಗೆ ಇಬ್ಬರು ಪ್ಯೂನ್‌ಗಳು ಬಂದು, ಒಬ್ಬೊಬ್ಬರು ಒಂದೊಂದು ರಟ್ಟೆ ಹಿಡಿದು, ನೆನೆದ ಗೋಣಿಚೀಲ ಎತ್ತಿದಂತೆ ನನ್ನನ್ನು ಎತ್ತಿದರು. ಡಾಕ್ಟರು ಪರೀಕ್ಷೆ ಮಾಡಿ, ಮೂಳೆ ಸವೆಯುತ್ತಿದೆ, ಸ್ನಾಯುಗಳು ಸೊರಗಿವೆ, ಭಾರ ಎತ್ತುವ ವ್ಯಾಯಾಮ ಶುರು ಮಾಡಿ, ಇಲ್ಲದಿದ್ದರೆ ಮುಂದೆ ಹಾಸಿಗೆಯಿಂದ ಏಳಿಸಲು ಜನ ಬೇಕಾಗುತ್ತದೆ ಎಂದರು.

ಹಾಸಿಗೆಯಿಂದ ಏಳಿಸುವ ಜನ ಎಂದರೇನೆಂದು ನನಗೆ ಗೊತ್ತಿತ್ತು. ಸೊಂಟ ಮುರಿದ ಮೇಲೆ ನನ್ನ ಅಮ್ಮ ಬಹಳ ಕಾಲ ಹಾಗೆಯೇ ಇದ್ದರು. ಊರಿಗೆ ಹೋದಾಗಲೆಲ್ಲ ನಾನೂ ಅತ್ತಿಗೆಯೂ ಸೇರಿ ಅವರನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದೆವು. ಎತ್ತುವಾಗ ಅಮ್ಮ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ಸಲವೂ ನಮ್ಮ ಮುಖ ನೋಡಲಿಲ್ಲ. ಡಾಕ್ಟರ ಚೀಟಿ ಹಿಡಿದು ಮೆಟ್ರೋದಲ್ಲಿ ಮನೆಗೆ ಬರುತ್ತ ನಾನು ತೀರ್ಮಾನಿಸಿದ್ದು ಒಂದೇ. ನನ್ನನ್ನು ಯಾರೂ ಎತ್ತಬಾರದು. ಈ ಮೈಯ ಭಾರ ನನ್ನದು, ಎತ್ತುವುದಿದ್ದರೆ ನಾನೇ ಎತ್ತುತ್ತೇನೆ.

ಮನೆಯಲ್ಲಿ ಹೇಳಿದೆ. ನಮ್ಮವರು ಫಿಲ್ಟರ್ ಕಾಫಿಯ ಲೋಟ ಕೆಳಗಿಟ್ಟರು. "ಜಿಮ್ಮಾ? ವಾಕಿಂಗ್ ಸಾಕಾಗೂದಿಲ್ವಾ ನಿಂಗೆ? ಪಾರ್ಕ್ ಉಂಟಲ್ಲ." ನಡೆದರೆ ಕಾಲು ನಡೆಯುತ್ತದೆ, ಮೈ ಏಳುವುದಿಲ್ಲ ಎಂದೆ. "ಯೋಗ ಮಾಡು ಹಾಗಾದ್ರೆ." ಯೋಗ ಮಾಡುವವರೆಲ್ಲ ನನಗೆ ಯೋಗ ಮಾಡು ಎನ್ನಲಿ, ಮಾಡದವರು ಹೇಳಬಾರದು ಎಂದೆ. ಅವರು ಕೊನೆಗೆ ನಿಜವಾದ ಆತಂಕ ಹೊರಹಾಕಿದರು. "ಆ ಜಿಮ್ಮಿನ ಹುಡುಗರು ನಮ್ಮಲ್ಲೇ ದೋಸೆ ತಿನ್ಲಿಕ್ಕೆ ಬರೂದು ಮಾರಾಯ್ತಿ. ನಾಳೆ ಗಲ್ಲಾದಲ್ಲಿ ಕೂತು ನಾನು ಅವ್ರ ಮುಖ ಹ್ಯಾಗೆ ನೋಡೂದು?" ಅವರ ಮುಖ ನೋಡಬೇಡಿ, ಬಿಲ್ಲು ನೋಡಿ ಎಂದೆ.

ಜಿಮ್ಮು ಮಾರ್ಕೆಟ್ಟಿನ ಹಿಂಭಾಗದ ಒಂದು ಬೇಸ್‌ಮೆಂಟಿನಲ್ಲಿದೆ. ಬಾಗಿಲಲ್ಲೇ ಕೂತ ಹುಡುಗಿ ನನ್ನ ಚೂಡಿದಾರವನ್ನೂ ತಲೆಯ ಬಿಳಿಗೂದಲನ್ನೂ ನೋಡಿ, "ಲೇಡೀಸ್ ಜುಂಬಾ ಮಧ್ಯಾಹ್ನ ಇದೆ ಮ್ಯಾಮ್" ಎಂದು ಹಿಂದಿಯಲ್ಲಿ ಹೇಳಿದಳು. ಕುಣಿಯಲು ಬಂದಿಲ್ಲ, ಎತ್ತಲು ಬಂದಿದ್ದೇನೆ ಎಂದೆ. ಅವಳು ಟ್ರೈನರ್ ವಿಕ್ಕಿಯನ್ನು ಕರೆದಳು. ವಿಕ್ಕಿಯ ತೋಳುಗಳು ಹಲಸಿನ ಮರದ ಬೊಡ್ಡೆಯಂತಿದ್ದವು, ಮುಖ ಮಾತ್ರ ಇನ್ನೂ ಹತ್ತನೇ ಕ್ಲಾಸಿನದು. ಅವನು ಒಳಗಿನಿಂದ ಎರಡು ಗುಲಾಬಿ ಬಣ್ಣದ ಡಂಬೆಲ್ ತಂದು ಪ್ರಸಾದದಂತೆ ನನ್ನ ಕೈಗಿಟ್ಟ. ಅವು ನನ್ನ ಟಿಫಿನ್ ಡಬ್ಬಿಗಿಂತ ಹಗುರವಾಗಿದ್ದವು. "ಆಂಟಿಜಿ, ಬಸ್ ಇತನಾ ಹೀ. ಟೋನಿಂಗ್ ಹೋ ಜಾಯೇಗಾ" ಎಂದ. ಇಷ್ಟು ಸಾಕು, ಮೈ ಬಿಗಿಯಾಗುತ್ತದೆ ಎಂಬ ಭರವಸೆ. ನನಗೆ ಬಿಗಿ ಬೇಕಿರಲಿಲ್ಲ, ಬಿಗಿ ಬೇಕಾದಷ್ಟು ನನ್ನ ದವಡೆಯಲ್ಲೇ ಇತ್ತು.

ಹಾಗಂತ ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಆ ಬೇಸ್‌ಮೆಂಟಿನ ಗಂಡಸರೆಲ್ಲರಿಗೂ ಒಂದೇ ರೋಗ. ನಾನು ಕಬ್ಬಿಣದ ಬಿಲ್ಲೆಯೊಂದನ್ನು ಸ್ಟ್ಯಾಂಡಿನಿಂದ ತೆಗೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ಯಾರಾದರೊಬ್ಬ ಓಡಿ ಬಂದು, "ಆಂಟಿಜಿ, ಆಪ್ ರೆಹನೇ ದೋ" ಎಂದು ಕಸಿದುಕೊಂಡು ಹೋಗಿಬಿಡುತ್ತಿದ್ದ. ನೀವು ಬಿಡಿ, ನೀವು ಬಿಡಿ. ಎಷ್ಟು ಮರ್ಯಾದೆ. ಅದನ್ನು ಎತ್ತಲಿಕ್ಕೇ ತಿಂಗಳ ಫೀಸು ಕಟ್ಟಿದ್ದೇನೆಂದು ಎಷ್ಟು ಸಲ ಹೇಳಿದರೂ ಮರುದಿನ ಇನ್ನೊಬ್ಬ. ಮೆಟ್ರೋದಲ್ಲಿ ನಾನು ಎರಡು ಚೀಲ ಹಿಡಿದು ನಿಂತಾಗ ಫೋನಿನಲ್ಲಿ ಮುಖ ಹುದುಗಿಸಿಕೊಳ್ಳುವವರೂ ಇವರೇ. ದಿಲ್ಲಿಯಲ್ಲಿ ಪ್ರತಿ ಮನೆಯಲ್ಲೂ ಪೆಟ್ಟಿಗೆಯಂಥ ಮಂಚವಿರುತ್ತದೆ, ಅದರ ಹೊಟ್ಟೆಯಲ್ಲಿ ಚಳಿಗೆ ಹೊದೆಯುವ ದಪ್ಪ ರಜಾಯಿಗಳು. ಚಳಿ ಶುರುವಾಗುವಾಗ ಹಾಸಿಗೆ ಮಗುಚಿ, ಪ್ಲೈವುಡ್ಡಿನ ಮುಚ್ಚಳ ಎತ್ತಿ, ಅದನ್ನು ತಲೆಯ ಮೇಲೆ ಆನಿಸಿಕೊಂಡು, ಬಗ್ಗಿ ರಜಾಯಿ ಎಳೆಯುವವರು ಯಾರು? ಆಗ ಬಾಗಿಲಲ್ಲಿ ನಿಂತ ಗಂಡಸು "ಜಾಗ್ರತೆ" ಎನ್ನುತ್ತಾನೆ. ಜಾಗ್ರತೆ ಎನ್ನುವುದು ಅವನ ಪಾಲಿನ ಕೆಲಸ. ಹೆಂಗಸು ಮನೆಯಲ್ಲಿ ಎತ್ತಿದ್ದಕ್ಕೆಲ್ಲ ಕೆಲಸವೆಂದು ಹೆಸರು. ಅದೇ ಹೆಂಗಸು ಬೇಸ್‌ಮೆಂಟಿಗೆ ಬಂದು ಎತ್ತಿದರೆ ಅಯ್ಯೋ, ಭಾರ.

ಆ ಮೊದಲ ದಿನ ನಾನು ಗುಲಾಬಿ ಡಂಬೆಲ್‌ಗಳನ್ನು ವಿಕ್ಕಿಗೆ ವಾಪಸು ಕೊಟ್ಟು, ನಿನ್ನ ಅಜ್ಜಿ ಹಳ್ಳಿಯಲ್ಲಿ ಹುಲ್ಲಿನ ಹೊರೆ ಎಷ್ಟು ಭಾರದ್ದು ಹೊರುತ್ತಾಳೆ ಎಂದು ಕೇಳಿದೆ. ಅವನು ಡಂಬೆಲ್‌ಗಳನ್ನು ಸ್ಟ್ಯಾಂಡಿಗೆ ಸೇರಿಸಿದ. ಆಮೇಲೆ ಜಿಮ್ಮಿನ ಮಾಲೀಕರು ಹೊಸಬರಿಗಾಗಿ ಶುರು ಮಾಡಿದ್ದ ಒಂದು ಕೋರ್ಸಿನ ವಿಷಯ ಹೇಳಿದ. ಮೆಲ್ಲಗೆ ಭಾರ ಹೆಚ್ಚಿಸುತ್ತ ಹೋಗಿ, ಕೊನೆಗೆ ಜಿಮ್ಮಿನ ವಾರ್ಷಿಕ ದಿನ ಎಲ್ಲರ ಎದುರು, ನೆಲದ ಮೇಲಿಟ್ಟ ಕಬ್ಬಿಣದ ಸರಳನ್ನು ಎತ್ತಿ ನೆಟ್ಟಗೆ ನಿಲ್ಲಬೇಕು. ಸರಳಿನಲ್ಲಿ ತೂಗುಹಾಕುವ ಭಾರ ಎತ್ತುವವರ ಮೈತೂಕದಷ್ಟೇ ಇರಬೇಕು. ಎತ್ತಿದವರಿಗೆ ಸರ್ಟಿಫಿಕೇಟು. ನನ್ನ ತೂಕವನ್ನು ನಾನೇ ಎತ್ತುವುದು. ನನಗೆ ಬೇಕಾಗಿದ್ದೂ ಅದೇ ಅಲ್ಲವೇ. ಹೆಸರು ಕೊಟ್ಟೆ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಮೊದಲು ಕಮೋಡಿನ ಮೇಲೆ ಕೂರಲೂ ಗೋಡೆ ಹಿಡಿಯಬೇಕಾಗುತ್ತಿತ್ತು. ಬೇಳೆಕಾಳು ಹೆಚ್ಚು ತಿನ್ನಬೇಕೆಂದು ವಿಕ್ಕಿ ಹೇಳಿದ್ದಕ್ಕೆ, ಹೋಟೆಲಿನಿಂದ ದಿನಾ ಒಂದು ಡಬ್ಬಿ ಸಾಂಬಾರು ಕಳಿಸಿ ಎಂದು ನಮ್ಮವರನ್ನು ಕೇಳಿದೆ. "ಹೋಟೆಲ್ ಸಾಂಬಾರಿನಲ್ಲಿ ಬೇಳೆ ಹುಡುಕ್ತೀಯಲ್ಲ, ನೀನು ಬಿ.ಕಾಂ. ಓದಿದ್ದು ಹೌದಾ?" ಎಂದು ಅವರು ನನ್ನನ್ನೇ ಕೇಳಿದರು. ಶಶಿಕಲಾ ಫೋನಿನಲ್ಲಿ ಬೇರೆಯದೇ ಉಪಾಯ ಹೇಳಿಕೊಟ್ಟಳು. "ಅತ್ತಿಗೆ, ನೀವು ಊಟ ಬಿಟ್ಟು ಬಿಡಿ. ನೀವು ಇಳಿದಷ್ಟು ಎತ್ತೂದೂ ಕಮ್ಮಿ ಆಗ್ತದಲ್ಲ." ಲೆಕ್ಕದಲ್ಲಿ ಅದು ಸರಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ದಿನ ಸಂಜೆ ಎರಡು ಚಪಾತಿ ಹೆಚ್ಚಿಗೆ ತಿಂದೆ, ಮರುದಿನ ಸರಳಿಗೆ ಇನ್ನೊಂದು ಬಿಲ್ಲೆ ಹಾಕಿಸಿದೆ. ವಿಕ್ಕಿ ನನ್ನ ಗುಟ್ಟು ಬೇಗನೆ ಕಂಡುಕೊಂಡಿದ್ದ. ನಾನು ಸಪ್ಪೆಯಾಗಿ ಬಂದ ದಿನ, "ಆಂಟಿಜಿ, ಇವತ್ತು ಮನೆಯಲ್ಲಿ ಯಾರೂ ಏನೂ ಅನ್ನಲಿಲ್ವಾ?" ಎಂದು ಅವನ ಹಿಂದಿಯಲ್ಲಿ ಕಳಕಳಿಯಿಂದ ವಿಚಾರಿಸುತ್ತಿದ್ದ.

ವಾರ್ಷಿಕ ದಿನ ಬಂತು. ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಚೆಂಡುಹೂವಿನ ತೋರಣ. ಮುಖ್ಯ ಅತಿಥಿ ನಮ್ಮ ಬ್ಲಾಕಿನ ನಿವಾಸಿಗಳ ಸಂಘದ ಅಧ್ಯಕ್ಷರಾದ ಗುಪ್ತಾಜಿ. ಮುಂದಿನ ಸಾಲಿನಲ್ಲಿ ನಮ್ಮವರು, ಪಕ್ಕದಲ್ಲಿ ಶಶಿಕಲಾ, ಅವಳ ಪಕ್ಕ ಗುರುಗ್ರಾಮದ ಕಂಪನಿಗೆ ರಜೆ ಹಾಕಿ ಬಂದ ನನ್ನ ಮಗಳು ಅನಘಾ, ಕೈಯಲ್ಲಿ ಫೋನು. ನನ್ನ ಸರದಿ ಬಂದಾಗ ವಿಕ್ಕಿ ಮೈಕಿನಲ್ಲಿ ನನ್ನ ಹೆಸರು ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಯಮದ ಪ್ರಕಾರ ನನ್ನ ತೂಕವನ್ನೂ ಹೇಳಿದ. ಮದುವೆಯಾದಾಗಿನಿಂದ ನಮ್ಮವರಿಗೂ ಹೇಳದೆ ಕಾಪಾಡಿಕೊಂಡು ಬಂದ ಸಂಖ್ಯೆ ಅದು. ಇಲ್ಲಿ ಬರೆಯುವುದಿಲ್ಲ. ಪೀತಮ್‌ಪುರಕ್ಕೆ ಗೊತ್ತಾದದ್ದು ಸಾಕು. ಶಶಿಕಲಾ ಅಣ್ಣನ ಕಡೆ ವಾಲಿ, "ಅಷ್ಟುಂಟಾ?" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಬಗ್ಗಿ ಸರಳು ಹಿಡಿದೆ. ಬೆನ್ನು ನೆಟ್ಟಗೆ, ಹಿಮ್ಮಡಿ ನೆಲದಲ್ಲಿ ಊರಿ, ಉಸಿರು ಕಟ್ಟಿ. ಸರಳು ನೆಲ ಬಿಟ್ಟಿತು. ಮೊಣಕಾಲಿನ ತನಕ ಬಂತು. ಅಲ್ಲಿ ನಿಂತಿತು. ಮುಖ ಕೆಂಪಾಗಿರಬೇಕು. ಮೇಲೂ ಹೋಗದೆ ಕೆಳಗೂ ಬಾರದೆ ನಾನೂ ನನ್ನ ತೂಕವೂ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದೆವು. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಸರಳಿನ ತುದಿ ಹಿಡಿಯಿತು. ನಮ್ಮವರು. ಗಲ್ಲಾ ಬಿಟ್ಟು ಸುಲಭವಾಗಿ ಏಳದ ಮನುಷ್ಯ ಪ್ಲಾಸ್ಟಿಕ್ ಕುರ್ಚಿ ಉರುಳಿಸಿಕೊಂಡು ಓಡಿ ಬಂದಿದ್ದರು.

"ಬಿಡು ಬಿಡು, ಬೆನ್ನು ಹಿಡೀತದೆ."

ಸರಳು ದಡಕ್ಕನೆ ನೆಲಕ್ಕೆ ಬಿತ್ತು. ಬೇರೆಯವರು ಮುಟ್ಟಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ ಎಂಬುದು ಅಲ್ಲಿನ ಮೊದಲ ನಿಯಮ. "ಅಂಕಲ್‌ಜಿ ನೇ ಹಾಥ್ ಲಗಾ ದಿಯಾ", ಅಂಕಲ್ ಕೈ ಹಾಕಿಬಿಟ್ಟರು ಎಂದು ವಿಕ್ಕಿ ಮೈಕಿನಲ್ಲೇ ದುಃಖಪಟ್ಟ. ಅನಘಾ ಫೋನು ಕೆಳಗಿಳಿಸಿ, "ಪಪ್ಪಾ, ಯೇ ಕ್ಯಾ ಕಿಯಾ? ಅಮ್ಮಂದು ಕ್ಯಾನ್ಸಲ್ ಆಯ್ತು, ಯಾರ್" ಎಂದಳು.

"ಅವಳು ಒದ್ದಾಡೂದು ನೋಡ್ಕೊಂಡು ಕೂತ್ಕೊಳ್ಳಿಕ್ಕೆ ಆಗ್ತದಾ?" ಎಂದರು ನಮ್ಮವರು. ಅವರ ಮುಖದಲ್ಲಿ ಬೆವರಿತ್ತು. ನಿಜವಾಗಿಯೂ ಹೆದರಿದ್ದರು ಪಾಪ. ಆ ಹೆದರಿಕೆ ಪ್ರೀತಿಯೇ ಇರಬಹುದು. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಆ ಕೈ ಮಾತ್ರ. ಕೇಳದೆ ಬಂದ ಕೈ. ಆಗುವುದಿಲ್ಲವೆಂದು ನನಗಿಂತ ಮೊದಲೇ ತೀರ್ಮಾನಿಸಿದ ಕೈ.

ಇನ್ನೊಂದು ಅವಕಾಶವಿದೆ, ಸ್ವಲ್ಪ ಕೂತು ನೀರು ಕುಡಿಯಿರಿ ಎಂದ ವಿಕ್ಕಿ. ನಾನು ಕೂರಲಿಲ್ಲ. ಕೂತರೆ ಸಿಟ್ಟು ಆರುತ್ತದೆ. "ಈಗ ಯಾರಾದ್ರೂ ಮುಟ್ಟಿದ್ರೆ ನೋಡಿ" ಎಂದು ಕನ್ನಡದಲ್ಲೇ ಹೇಳಿ ಬಗ್ಗಿದೆ. ಅಲ್ಲಿದ್ದ ಹರಿಯಾಣ, ಪಂಜಾಬಿನವರಿಗೆ ಭಾಷೆ ತಿಳಿಯದಿದ್ದರೂ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸರಳು ನೆಲ ಬಿಟ್ಟಿತು, ಮೊಣಕಾಲು ಮುಟ್ಟಿತು, ದಾಟಿತು. ಕಣ್ಣು ಬಿಟ್ಟಾಗ ನಾನು ನೆಟ್ಟಗೆ ನಿಂತಿದ್ದೆ, ನನ್ನ ತೂಕ ನನ್ನ ಕೈಯಲ್ಲಿ ತೂಗುತ್ತಿತ್ತು. ಯಾರ ಮುಖ ನೋಡಲೂ ನಾನು ನಾಚಬೇಕಾಗಿರಲಿಲ್ಲ. ಒಬ್ಬೊಬ್ಬರನ್ನೇ ನೋಡಿ, ಆಮೇಲೆ ಕೆಳಗಿಟ್ಟೆ.

ಸರ್ಟಿಫಿಕೇಟು ಕೊಡಲು ಗುಪ್ತಾಜಿ ಎದ್ದರು. ನನ್ನನ್ನು ಕರೆದರು, ಹೋದೆ. ಆಮೇಲೆ, "ಭಾಯಿ ಸಾಹೇಬರೂ ಬರಲಿ, ಮನೆಯವರ ಬೆಂಬಲವಿಲ್ಲದೆ ಇದೆಲ್ಲ ಆಗುತ್ತದೆಯೇ" ಎಂದು ನಮ್ಮವರನ್ನೂ ಕರೆದು, ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟರು. ನಮ್ಮವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸಭೆಗೆ ನಮಸ್ಕಾರ ಮಾಡಿ, ಫೋಟೋಕ್ಕೆ ನಿಂತು, ಅನಂತರ ನನಗೆ ಕೊಟ್ಟರು. ನಾನು ಅದನ್ನು ಜಗಳವಿಲ್ಲದೆ ತೆಗೆದುಕೊಂಡೆ. ಯಾಕೆಂದರೆ ನನ್ನೊಳಗಿನ ಅಕೌಂಟ್ಸ್ ಗುಮಾಸ್ತೆ ಆಗಲೇ ಒಂದು ಅಹಿತಕರ ಲೆಕ್ಕ ಮುಗಿಸಿದ್ದಳು. ಮೊದಲ ಸಲ ಸರಳು ಮೊಣಕಾಲಿನಲ್ಲೇ ಸತ್ತಿತ್ತು. ಆ ಮನುಷ್ಯ ಓಡಿ ಬಂದು ನನ್ನನ್ನು ರೇಗಿಸದಿದ್ದರೆ ಎರಡನೆಯ ಸಲವೂ ಅಲ್ಲಿಯೇ ಸಾಯುತ್ತಿತ್ತು. ಇದನ್ನು ಸಾಯುವವರೆಗೆ ಯಾರಿಗೂ ಹೇಳಬಾರದೆಂದುಕೊಂಡು ಕುರ್ಚಿಗೆ ಮರಳಿದೆ.

ಶಶಿಕಲಾ ಸರ್ಟಿಫಿಕೇಟನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ ಪೂರ್ತಿ ಓದಿ, ಹಿಂಬದಿಯನ್ನೂ ತಿರುಗಿಸಿ ನೋಡಿ, ಜೋಪಾನವಾಗಿ ನನ್ನ ಮಡಿಲಿಗಿಟ್ಟಳು.

"ಒಳ್ಳೇದಾಯ್ತು ಅತ್ತಿಗೆ. ಸರಿಯಾದ ಹೊತ್ತಿಗೆ ಅಣ್ಣ ಒಂದು ಕೈ ಹಾಕಿದ ನೋಡಿ, ಇಲ್ಲದಿದ್ರೆ ಏಳ್ತಿತ್ತಾ ಅದು?"