ಮುದ್ದೇಬಿಹಾಳದ ಇಂಕು

ಶಾಯಿ ಪೆನ್ನು ಇಟ್ಟುಕೊಂಡವರ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆ ಭಾನುವಾರ ಮಾತ್ರ ಮಧ್ಯಾಹ್ನದವರೆಗೆ ಏನೂ ಆಗಿರಲಿಲ್ಲ.

ನಮ್ಮ ಮನೆಯವರು ಬಸ್ ಕಂಡಕ್ಟರ್. ವಾರಕ್ಕೊಮ್ಮೆ ನನ್ನ ಪೆನ್ನುಗಳನ್ನು ತೊಳೆದುಕೊಡುವುದು ಅವರ ಕೆಲಸ. ನಾನು ಹೇಳಿದ್ದಲ್ಲ, ಅವರೇ ಹಚ್ಚಿಕೊಂಡದ್ದು. ಅಂದು ಒಂಬತ್ತು ಪೆನ್ನು ತೊಳೆದು, ಹಳೆಯ ಧೋತರದ ತುಂಡಿನ ಮೇಲೆ ಸಾಲಾಗಿ ಒಣಗಲು ಇಟ್ಟು, ಎರಡು ರೊಟ್ಟಿ ಉಂಡು ಡ್ಯೂಟಿಗೆ ಹೋದರು. ಸಿಂದಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ನನಗೆ ಸುದ್ದಿ ಬಂದಾಗ ಪೆನ್ನುಗಳು ಇನ್ನೂ ಪೂರ್ತಿ ಒಣಗಿರಲಿಲ್ಲ.

ನಾನು ಇಂಡಿ ಪಟ್ಟಣದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹೊಸ ಪೆನ್ನು, ಹೊಸ ಇಂಕು ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಷರಾ ಬರೆಯುವುದು ನನ್ನ ರೂಢಿ. ಅಂಕ ಕೊಡುವುದರಲ್ಲಿ ನಾನು ಬಿಗಿ. ಇಷ್ಟು ವರ್ಷಗಳಲ್ಲಿ ಹತ್ತಕ್ಕೆ ಹತ್ತು ಪಡೆದದ್ದು ಒಂದೇ ಇಂಕು: ಅವರು ಮುದ್ದೇಬಿಹಾಳದಿಂದ ತಂದದ್ದು. ಬರೆಯುವಾಗ ನೀಲಿ, ಒಣಗಿದ ಮೇಲೆ ಸ್ವಲ್ಪ ಹಸಿರು, ಸ್ವಲ್ಪ ಬೂದಿ. “ಅಲ್ಲಿ ಬಿಡಿ ಇಂಕ್ ಸಿಗತೈತಿ” ಎಂದು ಹೇಳಿ, ಖಾಲಿಯಾದಾಗಲೆಲ್ಲ ಅದೇ ಬಾಟಲಿ ಒಯ್ದು ತುಂಬಿಸಿಕೊಂಡು ಬರುತ್ತಿದ್ದರು. ಏಳು ವರ್ಷ ನನ್ನ ದಿನಬಳಕೆಯ ಪೆನ್ನಿನಲ್ಲಿ ಅದೇ ಇಂಕು; ಉಳಿದ ಪೆನ್ನುಗಳಲ್ಲಿ ಬೇರೆ ಬೇರೆ. ನನ್ನ ಷರಾ ಇಂದಿಗೂ ನೋಟ್‌ಬುಕ್ಕಿನಲ್ಲಿದೆ: “ತಯಾರಿಸಿದವರು ಶಿಸ್ತಿನವರಿರಬೇಕು.”

ಅವರು ಹೋದಾಗ ಬಾಟಲಿಯಲ್ಲಿ ಒಂದು ಬೆರಳಿನಷ್ಟು ಇಂಕು ಉಳಿದಿತ್ತು. ಆರು ತಿಂಗಳು ಮುಟ್ಟಲಿಲ್ಲ. ಅದು ಮುಗಿಯುವುದು ನನಗೆ ಬೇಕಾಗಿರಲಿಲ್ಲ. ಆಮೇಲೆ, ಅಂಥದ್ದೇ ಇಂಕು ಎಲ್ಲಿ ಸಿಗುತ್ತದೆಂದು ಹುಡುಕಲು ಹೊರಟೆ. ಹುಡುಕಾಟದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮುಚ್ಚಳ

ಹುಡುಕುವ ಮೊದಲೇ ನಷ್ಟವಾಯಿತು. ಬಣ್ಣದ ನಮೂನೆ ಬರೆದುಕೊಳ್ಳಲೆಂದು ಒಂದು ಪೆನ್ನಿಗೆ ಸ್ವಲ್ಪವೇ ಆ ಇಂಕು ತುಂಬಿ ಶಾಲೆಗೆ ಒಯ್ದಿದ್ದೆ. ಹಾಳೆಯ ಮೇಲೆ ನಮೂನೆ ಬರೆದು ಮುಗಿಸುವಷ್ಟರಲ್ಲಿ ಹೆಡ್ ಮಾಸ್ತರರು ಬಂದು, “ಟೀಚರ, ಸಹಿ ಮಾಡೂದೈತಿ, ಪೆನ್ನ ಕೊಡ್ರಿ” ಎಂದರು.

ಪೆನ್ನು ಕೊಟ್ಟು ಮುಚ್ಚಳವನ್ನು ನನ್ನ ಕೈಯಲ್ಲೇ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮುಚ್ಚಳವಿಲ್ಲದ ಶಾಯಿ ಪೆನ್ನನ್ನು ಯಾರೂ ಕಿಸೆಗೆ ಹಾಕಿಕೊಳ್ಳುವುದಿಲ್ಲ ಎಂದು ನಾನು ನಂಬಿದ್ದೆ. ಅವರು ಹಾಕಿಕೊಂಡರು. ಎರಡು ಪೀರಿಯಡ್ ಆದ ಮೇಲೆ ಬಿಳಿ ಅಂಗಿಯ ಎಡಗಡೆ ಅಂಗೈಯಗಲ ಕಲೆ.

“ಎಂಥಾ ಪೆನ್ನ ಕೊಟ್ಟೀರಿ ಟೀಚರ, ಇದಕ್ಕ ಮುಚ್ಚಳಾನ ಇಲ್ಲ!”

ಮುಚ್ಚಳ ನನ್ನ ಬಲಗೈಯಲ್ಲಿತ್ತು. ನಾನು ಕೈಯನ್ನು ಸೆರಗಿನ ಕೆಳಗೆ ಸರಿಸಿದೆ.

ಮರುದಿನ ಹೆಡ್ ಮಾಸ್ತರರ ಹೆಂಡತಿ ಅಂಗಿ ಹಿಡಿದುಕೊಂಡು ಬಂದರು. ಜಗಳಕ್ಕೆ ಬಂದರೆಂದುಕೊಂಡು ಎದ್ದು ನಿಂತೆ.

“ಎರಡ ಸಲ ಒಗದ್ನಿ, ಕಲಿ ಹೋಗವಲ್ದು,” ಎಂದರು.

“ತಪ್ಪಾತರಿ.”

“ತಪ್ಪೇನ ಬಂತು? ಬಣ್ಣ ಭಾಳ ಚಲೋ ಐತಿ. ಉಳದ ಅಂಗಿನೂ ಅದರಾಗ ಅದ್ದಿ ಕೊಡ್ರಲಾ.”

ಮ್ಯಾಚಿಂಗ್

ಮುದ್ದೇಬಿಹಾಳ ದೂರ; ಹತ್ತಿರದಲ್ಲೇ ಸಿಕ್ಕೀತೇನೋ ಎಂದು ಮೊದಲು ಸಿಂದಗಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಇಳಿದು, ಬೆಂಚುಗಳ ಕಡೆ ನೋಡದೆ ನೇರ ಪೇಟೆಗೆ ನಡೆದೆ.

ಪುಸ್ತಕದಂಗಡಿಯವರು ನನ್ನ ನಮೂನೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಈಗ ಯಾರ್ರಿ ಇಂಕ್ ತೊಗೋತಾರ? ರೋಲರ್ ಪೆನ್ ಒಯ್ರಿ. ನೀರ ಹರಿದ್ಹಾಂಗ ಹರೀತೈತಿ.” ಬರೆದು ನೋಡಿದೆ. ಹರಿಯುತ್ತಿತ್ತು. ಹತ್ತಕ್ಕೆ ಆರೂವರೆ ಕೊಡಬಹುದು. ಆದರೆ ಬಣ್ಣ ಅದಲ್ಲ.

“ಬಣ್ಣದ್ದು ನಂಗ ತಿಳಿಯಾಂಗಿಲ್ರಿ ಅಕ್ಕಾರ,” ಎಂದು ಅವರು ಹಾಳೆಯನ್ನು ಪಕ್ಕದ ಮ್ಯಾಚಿಂಗ್ ಬಟ್ಟೆ ಅಂಗಡಿಗೆ ಒಯ್ದರು. ನಾನೂ ಹಿಂದೆ ಹೋದೆ.

ಬಟ್ಟೆಯಂಗಡಿಯವರು ಹಾಳೆಯನ್ನು ಬಾಗಿಲ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. “ರಾಮಾ ಹಸರ ಅಲ್ಲ. ನವಿಲ ಬಣ್ಣಾನೂ ಅಲ್ಲ.” ಮೇಲಿನ ಖಾನೆಯಿಂದ ಮೂರು ಥಾನು ಬಟ್ಟೆ ಇಳಿಸಿದರು. ಮೂರನೆಯದನ್ನು ಹಾಳೆಯ ಪಕ್ಕಕ್ಕೆ ಇಟ್ಟಾಗ ಎಲ್ಲಿ ಕಾಗದ ಮುಗಿದು ಎಲ್ಲಿ ಬಟ್ಟೆ ಶುರುವಾಯಿತೆಂದು ಗೊತ್ತಾಗಲಿಲ್ಲ.

“ಸಿಕ್ತ ನೋಡ್ರಿ! ಎಷ್ಟ ಹರೀಲಿ?”

“ನನಗ ಇಂಕ್ ಬೇಕಾಗಿತ್ತರಿ.”

“ಇಂಕ್ ಇವತ್ತ ಇರತೈತಿ, ನಾಳೆ ಹೋಗತೈತಿ ಅಕ್ಕಾರ. ಇದರ ಬಣ್ಣ ಹೋದ್ರ ನನ್ನ ಕೇಳ್ರಿ.”

ಇಂಕು ತರಲು ಹೋದವಳು ಕುಬಸದ ಬಟ್ಟೆ ತಂದೆ. ಹೊಲಿಸಿ ಮೂರು ಸಲ ಒಗೆದಿದ್ದೇನೆ. ಬಣ್ಣ ಹೋಗಿದೆ. ಕೇಳಲು ಇನ್ನೂ ಹೋಗಿಲ್ಲ.

ಮೂಗು

ಬಸವನ ಬಾಗೇವಾಡಿಯಲ್ಲಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಹಿರಿಯರೊಬ್ಬರಿದ್ದಾರೆ. ಅವರಷ್ಟು ಇಂಕು ಬಲ್ಲವರು ಈ ಸುತ್ತಿನಲ್ಲಿ ಇಲ್ಲವೆಂದು ಕೇಳಿದ್ದೆ. ಬಾಟಲಿಯನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದು, ಶಾಲೆಯ ಟೀಚರೆಂದು ಹೇಳಿ ಮುಂದಿಟ್ಟೆ.

ಅವರು ಮುಚ್ಚಳ ತೆಗೆದು, ಕನ್ನಡಕ ಹಣೆಗೇರಿಸಿ, ಉಪ್ಪಿನಕಾಯಿ ಭರಣಿ ಮೂಸುವ ಹಾಗೆ ಮೂಸಿದರು. ಕಡ್ಡಿ ಅದ್ದಿ ಒಂದು ಗೆರೆ ಎಳೆದರು. ಗೆರೆಯ ಮೇಲೆ ಒಂದು ಹನಿ ನೀರು ಬಿಟ್ಟು ಕಾದರು. ಬಣ್ಣ ಅಂಚಿಗೆ ಹರಡಿತು.

“ನೀಲಿ ಮೂರು ನಮೂನಿ ಅದಾವ. ಹಸರ ಐತಿ. ಕೆಂಪೂ ಐತಿ, ನೀವು ಸಾಲ್ಯಾಗ ತಪ್ಪ ತಿದ್ದತೀರಲ್ಲ, ಆ ಕೆಂಪು.”

ನನಗೆ ಸಿಟ್ಟು ಬಂತು. ಎರಡು ಇಂಕು ಬೆರೆಸಬಾರದು, ಬೆರೆಸಿದರೆ ಪೆನ್ನು ಕೆಡುತ್ತದೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವಳು ನಾನು. “ಇದು ಬೆರಕಿ ಇಂಕಲ್ಲರಿ,” ಎಂದೆ. “ತಿಳಿದವರು ತಯಾರ ಮಾಡಿದ್ದು. ನಾನು ಹತ್ತಕ್ಕ ಹತ್ತು ಕೊಟ್ಟೇನಿ.”

ಅವರು ಇನ್ನೊಮ್ಮೆ ಮೂಸಿದರು.

“ನಳದ ನೀರೂ ಐತಿ,” ಎಂದರು.

ನಾನು ಬಾಟಲಿ ಕಸಿದುಕೊಂಡು ಹೊರಟೆ. ಹಿಂದಿನಿಂದ ಅವರು ತಮ್ಮ ಗಿರಾಕಿಗೆ ಹೇಳುವುದು ಕೇಳಿಸಿತು: “ನೋಡಪಾ, ಖರೇ ಉತ್ತರ ಹೇಳಿದ್ನಿ, ಟೀಚರು ನಪಾಸ್ ಮಾಡಿ ಹೋದ್ರು.”

ತಕರಾರು ಪತ್ರ

ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಹಳೆಯ ಸಂಗತಿ ನೆನಪಾಯಿತು.

ಒಂದು ವರ್ಷ ನಮ್ಮ ಮನೆಯವರು ತುಂಬಿಸಿಕೊಂಡು ಬಂದ ಇಂಕಿನಲ್ಲಿ ಹಸಿರು ಜಾಸ್ತಿಯಾಗಿತ್ತು. ನಾನು ಸುಮ್ಮನಿರುವವಳಲ್ಲ. “ಇಂಕು ತಯಾರಕರಿಗೆ” ಎಂದು ಸಂಬೋಧಿಸಿ ಒಂದು ಪುಟದ ಪತ್ರ ಬರೆದೆ. ಹಿಂದಿನ ಇಂಕಿನ ಒಂದು ಗೆರೆ, ಈಗಿನದರ ಒಂದು ಗೆರೆ ಎಳೆದು ಪಕ್ಕಪಕ್ಕ ತೋರಿಸಿದೆ. “ಗುಣಮಟ್ಟದ ಕಡೆ ತಾವು ಲಕ್ಷ್ಯ ಕೊಡುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ” ಎಂದು ಮುಗಿಸಿ, ಮುಟ್ಟಿಸಲು ಅವರ ಕೈಯಲ್ಲೇ ಕೊಟ್ಟೆ.

ಅವರು ನಿಂತಲ್ಲೇ ಪೂರ್ತಿ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಭಾಳ ಕಡಕ್ ಬರದಿ,” ಎಂದರು. “ಪಾಪ, ಅಂವಗ ಬ್ಯಾಸರಾಗತೈತಿ.”

“ಆಗ್ಲಿರಿ. ಕೆಲಸ ಮಾಡೂದಿದ್ರ ನೀಟಾಗಿ ಮಾಡಬೇಕು.”

ಎಂಟು ದಿನ ಬಿಟ್ಟು, ಊಟಕ್ಕೆ ಕುಳಿತಾಗ ಹೇಳಿದರು: “ನಿನ್ನ ಪತ್ರ ಮುಟ್ಟೇತಿ. ತಪ್ಪಾಗೇತಿ ಅಂದ. ಮುಂದಿನ ಸಲ ಹಿಂಗಾಗೂದಿಲ್ಲಂತ.”

ಮುಂದಿನ ಸಲ ಹಾಗಾಗಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ: ಬರೆಯುವ ಹಾಗೆ ಬರೆದರೆ ಎಂಥವರೂ ಸುಧಾರಿಸುತ್ತಾರೆ.

ಬಿಡಿ ಇಂಕು

ಮುದ್ದೇಬಿಹಾಳದಲ್ಲಿ ಅವರು ಹೇಳುತ್ತಿದ್ದ ಪೆನ್ನಿನ ಅಂಗಡಿ ಸುಲಭವಾಗಿ ಸಿಕ್ಕಿತು. ಬಾಟಲಿ ಮುಂದಿಟ್ಟು, “ಬಿಡಿ ಇಂಕ್ ಕೊಡ್ರಿ,” ಎಂದೆ.

“ಬಿಡಿ ಇಂಕ?” ಅಂಗಡಿಯವರು ನನ್ನನ್ನೂ ಬಾಟಲಿಯನ್ನೂ ನೋಡಿದರು. “ಅದೇನ ಶೇಂಗಾ ಎಣ್ಣಿ ಏನ್ರಿ ಅಕ್ಕಾರ, ಅಳದ ಕೊಡಾಕ?”

ನಮ್ಮ ಮನೆಯವರು ಇಂಥ ಕಂಡಕ್ಟರ್ ಎಂದು ಹೇಳಿದೆ. ಅವರಿಗೆ ನೆನಪಾಯಿತು. “ಅವ್ರಾ? ಅವ್ರು ಇಂಕ್ ಒಯ್ದಿಲ್ರಿ. ಖಾಲಿ ಬಾಟ್ಲಿ ಒಯ್ದಿದ್ರು. ಚಂದ ಐತಿ, ಕೊಡ್ರಿ ಅಂದ್ರು, ಕೊಟ್ಟೆ. ಏಳೆಂಟ ವರ್ಷಾತು.”

ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಮುಂದೆ ಹುಡುಕಲು ಊರು ಉಳಿದಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಎದುರಿಗೆ ಕುಳಿತು ನಡೆದದ್ದನ್ನು ಹೇಳಿದೆ. ಅಂಗಡಿ, ಖಾಲಿ ಬಾಟಲಿ, ಬಾಗೇವಾಡಿಯ ಹಿರಿಯರ ನಳದ ನೀರು, ಎಲ್ಲ. ಅವರ ಕೈ ನಿಂತಿತು. ಮೊದಲು ಭುಜ ಅಲುಗಿತು. ಆಮೇಲೆ ಸೆರಗು ಬಾಯಿಗೆ ಹೋಯಿತು.

“ಅಯ್ಯ ನನ್ನವ್ವಾ! ಅದು ನಿನ್ನ ಪೆನ್ನ ತೊಳದ ನೀರು!”

ನಾನು ಬಟ್ಟೆ ಬಿಚ್ಚಿ ಬಾಟಲಿಯನ್ನು ಬೆಳಕಿಗೆ ಹಿಡಿದೆ.

“ನನ್ನ ಬಿಳೆ ಸೀರಿಗೆ ಕಲಿ ಬಿತ್ತಂತ ನೀ ಅವನ್ನ ಬೈದಿಲ್ಲೇನು? ಪೆನ್ನ ತೊಳದ ನೀರ ಬಟ್ಟಿ ಒಗಿಯೂ ಕಲ್ಲಿನ ಮ್ಯಾಲ ಚೆಲ್ಲಬ್ಯಾಡ್ರಿ ಅಂತ? ಆವತ್ತಿಂದ ಬಟ್ಟಲದಾಗ ಹಿಡದ. ಪೆನ್ನಿನಾಗ ಉಳದ ಇಂಕೂ ಅದರಾಗ, ತೊಳದ ನೀರೂ ಅದರಾಗ. ಗಟ್ಟಿ ಆಗ್ಲಂತ ಮಾಳಿಗಿ ಮ್ಯಾಲ ಬಿಸಲಿಗೆ ಇಡತಿದ್ದ, ನಿನ್ನ ಸಂಡಿಗಿ ಬಾಜೂಕ.”

“ಸಂಡಿಗಿ ಬಾಜೂಕ?”

“ಮತ್ತ ಒಂದ ವರ್ಷ ಸಂಡಿಗಿ ನೀಲಿ ಆಗಿದ್ದು ಯಾಕಂತ ತಿಳದಿ?”

ಆ ವರ್ಷ ನಾನು ಅಕ್ಕಿಯನ್ನು ದೂರಿದ್ದೆ. ಹೆಡ್ ಮಾಸ್ತರರ ಮನೆಗೂ ಒಂದು ಡಬ್ಬಿ ಸಂಡಿಗೆ ಕಳಿಸಿದ್ದೆ. ಚೆನ್ನಾಗಿವೆ ಎಂದಿದ್ದರು.

“ನನಗ ಯಾಕ ಹೇಳಲಿಲ್ಲರಿ ಅವ್ರು?”

“ಚ್ಯಾಷ್ಟಿಗೆ ಮಾಡಿದ್ದ. ಸಂಜೀಕ ಹೇಳತೇನಿ ಅಂದ. ಸಂಜಿ ಅನ್ನೂದ್ರಾಗ ನೀ ಹತ್ತಕ್ಕ ಹತ್ತ ಕೊಟ್ಟ ಕುಂತಿ.” ಅತ್ತೆ ಕಣ್ಣು ಒರೆಸಿಕೊಂಡರು. “ಹುಟ್ಟಿದಾಗಿಂದ ಯಾವ ಪರೀಕ್ಷಾದಾಗೂ ಅಷ್ಟ ಮಾರ್ಕ್ಸ್ ಬಂದಿದ್ದಿಲ್ಲ ಅವಗ. ಹೆಂಗ ಹೇಳ್ಯಾನು?”

ನನಗೂ ನಗು ಬಂತು. ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿದರು.

ಡಿಪೋದವರು ತಂದುಕೊಟ್ಟ ನಮ್ಮ ಮನೆಯವರ ಚರ್ಮದ ಚೀಲ ಗೂಟಕ್ಕೆ ತೂಗುಹಾಕಿದಂತೆಯೇ ಇತ್ತು. ಅಂದು ಸಂಜೆ ಮೊದಲ ಸಲ ತೆಗೆದೆ. ಒಳಖಾನೆಯಲ್ಲಿ ನಾಲ್ಕು ಮಡಿಕೆಯಾಗಿ ನನ್ನ ತಕರಾರು ಪತ್ರವಿತ್ತು. ಹಿಂಬದಿಗೆ ಬಾಲ್ ಪೆನ್ನಿನಲ್ಲಿ, ಓಡುವ ಬಸ್ಸಿನಲ್ಲಿ ಬರೆದ ಸೊಟ್ಟ ಅಕ್ಷರದಲ್ಲಿ ಎರಡು ಸಾಲು:

“ಹಸರ ಪೆನ್ನ ಕಡೀಕ ತೊಳೀಬೇಕು, ಅದರ ನೀರ ಭಾಳ ಹಾಕಬಾರದು. ಕೆಂಪು ಅರ್ಧ ಸಾಕು.”

ಈಗ ಭಾನುವಾರ ನಾನೇ ತೊಳೆಯುತ್ತೇನೆ. ಹಸಿರು ಪೆನ್ನನ್ನು ಕಡೆಗೆ. ಬಟ್ಟಲು ಮಾಳಿಗೆಯ ಮೇಲಿರುತ್ತದೆ, ಅತ್ತೆ ಕಾಗೆ ಕಾಯುತ್ತಾರೆ. ಸಂಡಿಗೆಯನ್ನು ಅಂಗಳದಲ್ಲಿ ಹಾಕುತ್ತೇವೆ.

ನಿನ್ನೆ ಅಳೆದು ನೋಡಿದೆ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಇಂಕು ಇದೆ.