ಹಂದಿ ಸುಡುವುದು ಗಂಡಸರ ಕೆಲಸ

ಹೆಂಡತಿಗೆ ಭಕ್ತಿ ಹೆಚ್ಚಾದರೆ ಗಂಡನ ತಿಂಡಿ ತಡವಾಗುತ್ತದೆ ಎಂಬುದು ಬೋನಿಫಾಸಿಯೊ ಗಲಾಂಗನ ಒಂದೂವರೆ ವರ್ಷದ ದೂರು. ಅವನ ಹೆಂಡತಿ ಮಿನ್ಯಾಂಗ್ ಮೊದಲೆಲ್ಲ ಭಾನುವಾರ ಮಾತ್ರ ಇಗರ್ಜಿಗೆ ಹೋಗುತ್ತಿದ್ದವಳು. ಈಗ ಮಂಗಳವಾರ ಸಂತ ಅಂತೋನಿ, ಬುಧವಾರ ಮೇರಿ ಮಾತೆ, ಶುಕ್ರವಾರ ಕರಿಯ ಯೇಸು, ಶನಿವಾರ ಇನ್ಯಾರೋ ಹೊಸ ಸಂತ (ಹೆಸರು ಕೇಳಿದರೆ "ನಿಮಗೆ ಗೊತ್ತಾಗಲ್ಲ ಬಿಡಿ" ಎನ್ನುತ್ತಿದ್ದಳು). ಬೆಳಗ್ಗೆ ಆರಕ್ಕೆ ನೊವೇನಾ ಪ್ರಾರ್ಥನೆಗೆಂದು ಮನೆ ಬಿಟ್ಟರೆ ತಿರುಗಿ ಬರುವುದು ಹನ್ನೊಂದಕ್ಕೆ. ಒಂದು ಸಲ ಮಣಿಕಟ್ಟಿನ ಮೇಲೆ ಸುಟ್ಟ ಗಾಯ ಮಾಡಿಕೊಂಡು ಬಂದಿದ್ದಳು. ಏನೇ ಅದು ಎಂದರೆ, ಮೇಣದ ಬತ್ತಿ ಎಂದಳು. ಇಷ್ಟುದ್ದ ಸುಡುವ ಮೇಣದ ಬತ್ತಿ ಯಾವ ಸಂತನಿಗೆ ಹಚ್ಚುತ್ತಾರೋ ಎಂದು ಗೊಣಗಿಕೊಂಡು ಅವನು ತಣ್ಣನೆಯ ಅನ್ನ ತಿಂದಿದ್ದ.

ಆದರೆ ಸದ್ಯಕ್ಕೆ ಸಂತರ ಮೇಲಿನ ಸಿಟ್ಟನ್ನು ಪಾಸಿಯೊ (ನ್ಯಾಷನಲ್ ಸಿಟಿ ಎಂಬ ಊರಿಗೆ ವಲಸೆ ಬಂದ ಫಿಲಿಪಿನೋ ಮಂದಿಗೆಲ್ಲ ಅವನು ಪಾಸಿಯೊ) ಬದಿಗಿಟ್ಟಿದ್ದ. ಅದಕ್ಕಿಂತ ದೊಡ್ಡ ಗಂಡಾಂತರ ಬಂದೊದಗಿತ್ತು. ಮಗಳು ಅರ್ಲೀನ್ ಮೆಕ್ಸಿಕನ್ ಹುಡುಗ ಚೇಯೊನನ್ನು ಮದುವೆಯಾಗುತ್ತಿದ್ದಳು. ಹುಡುಗನ ಬಗ್ಗೆ ತಕರಾರಿರಲಿಲ್ಲ. ಒಳ್ಳೆಯವನು, ಮೃದು ಮಾತಿನವನು, ಕೇಳದೆಯೇ ಇವರ ಮನೆಯ ಸೋರುವ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದವನು. ತಕರಾರಿದ್ದದ್ದು ಅವನ ತಾಯಿಯದು. ಆಕೆ ವಿಧವೆ, ದೋನ್ಯಾ ಕೂಕಾ ಎಂದು ಹೆಸರು. ಮದುವೆಯ ಊಟಕ್ಕೆ ಮೇಕೆಯ ಕೆಂಪು ಸಾರೇ ಆಗಬೇಕೆಂದು ಪಟ್ಟು ಹಿಡಿದು ಕೂತಿದ್ದಳು. ಹಾಗಾದರೆ ಲೆಚೋನ್? ಇಡೀ ಹಂದಿಯನ್ನು ಬಿದಿರಿಗೆ ಪೋಣಿಸಿ, ಕೆಂಡದ ಮೇಲೆ ತಿರುತಿರುಗಿಸಿ ಕೆಂಪಗೆ ಸುಟ್ಟು, ಬಾಯಿಗೊಂದು ಸೇಬು ಕಚ್ಚಿಸಿ ಮೇಜಿನ ಮೇಲೆ ಮಲಗಿಸದ ಮದುವೆ ಅದೆಂಥ ಮದುವೆ?

ಅದರಲ್ಲೂ ಹಂದಿ ಸುಡುವುದೆಂದರೆ ಪಾಸಿಯೊನೇ. ನೌಕಾಪಡೆಯ ಉಗ್ರಾಣದಲ್ಲಿ ಇಪ್ಪತ್ತು ವರ್ಷ ಹುರುಳಿಕಾಯಿ ಡಬ್ಬಿಗಳ ಕಾವಲು ಕಾದವನಿಗೆ ತಾನೊಬ್ಬ ಮಹಾ ಬಾಣಸಿಗನೆಂಬ ಜ್ಞಾನೋದಯವಾದದ್ದು ನಿವೃತ್ತಿಯ ಮಾರನೆಯ ದಿನ. ಅಲ್ಲಿಂದೀಚೆಗೆ ಆ ಬೀದಿಯ ಹದಿನೇಳು ಹೆಣ್ಣುಮಕ್ಕಳ ಮದುವೆಗೆ ಅವನದೇ ಹಂದಿ. ಸುಡುವುದು ಗಂಡಸರ ಕೆಲಸ, ಅದು ಅಲ್ಲಿನ ಪದ್ಧತಿ: ಹಿತ್ತಿಲಲ್ಲಿ ಆರು ಗಂಟೆ ಕಾಲ ಬೆಂಕಿ, ಸುತ್ತ ಕುರ್ಚಿ ಹಾಕಿಕೊಂಡು ಬಿಯರ್ ಹಿಡಿದ ಗಂಡಸರು, ಒಳಗೆ ಸಾಸ್ ಕುದಿಸುವ ಹೆಂಗಸರು. ಅವನ ಹಂದಿಯನ್ನು ತಿಂದವರು ಯಾರೂ ಇದುವರೆಗೆ ಹೆಸರಿಟ್ಟಿರಲಿಲ್ಲ. ಮದುವೆ ಮನೆಯಲ್ಲಿ ಹೆಸರಿಡುವವರು ಯಾರು? ಜೊತೆಗೆ ಹಂದಿಯ ಈಲಿ ಅರೆದು ಮಿನ್ಯಾಂಗ್ ಮಾಡುವ ಸಾಸ್ ಇರುತ್ತಿತ್ತು. ಅದನ್ನು ಸುರಿದುಕೊಂಡರೆ ಚಪ್ಪಲಿಯನ್ನೂ ತಿನ್ನಬಹುದಿತ್ತು.

ಹೆಸರಿಟ್ಟವಳು ದೋನ್ಯಾ ಕೂಕಾ ಒಬ್ಬಳೇ, ಅದೂ ಫೋನಿನಲ್ಲಿ.

"ನಿಮ್ಮ ಹಂದಿ ನಾನು ತಿಂದಿದ್ದೀನಿ ಬೀಗರೇ. ಹೋದ ವರ್ಷ ನಿಮ್ಮ ಎದುರುಮನೆ ಮದುವೇಲಿ."

"ಹೌದಾ? ಹೇಗಿತ್ತು?"

"ಗೊತ್ತಿಲ್ಲ. ಇನ್ನೂ ಅಗೀತಾನೇ ಇದ್ದೀನಿ."

ಪಾಸಿಯೊನ ಕಿವಿ ಕೆಂಪಗಾಯಿತು. ಆಕೆ ಅಷ್ಟಕ್ಕೆ ಬಿಡಲಿಲ್ಲ. "ಬಾಯಲ್ಲಿಟ್ರೆ ಕರಗೋ ಹಂದಿ ಒಂದೇ ಒಂದ್ಸಲ ನನಗೆ ತಿನ್ನಿಸಿ. ಆಮೇಲೆ ನನ್ನ ಮೇಕೆಗೆ ಜೀವದಾನ ಕೊಟ್ಟುಬಿಡ್ತೀನಿ" ಎಂದು ಫೋನಿಟ್ಟಳು.

ಅರ್ಲೀನ್ ನರ್ಸು, ರಕ್ತದೊತ್ತಡ ಏರುವುದನ್ನು ದೂರದಿಂದಲೇ ಗುರುತಿಸುವವಳು. ಎರಡೂ ಕಡೆಯವರು ತನ್ನ ರಜೆಯ ದಿನವಾದ ಮಂಗಳವಾರ 'ಸೊಬ್ರಾ' ಹೋಟೆಲಿನಲ್ಲಿ ಊಟಕ್ಕೆ ಕೂತು ಇದನ್ನು ಬಗೆಹರಿಸಬೇಕೆಂದು ಅವಳು ತೀರ್ಪು ಕೊಟ್ಟಳು. ಅದು ಟೈರ್ ಅಂಗಡಿಯ ಪಕ್ಕದ ಹೋಟೆಲು, ಅಡುಗೆ ಅರ್ಧ ಮೆಕ್ಸಿಕೋದ್ದು ಅರ್ಧ ಫಿಲಿಪೀನ್ಸಿನದು, ಹಾಗಾಗಿ ಯಾರಿಗೂ ಅವಮಾನವಿಲ್ಲ. ಸೊಬ್ರಾ ಎಂದರೆ ಅವರ ಭಾಷೆಯಲ್ಲೂ ಇವರ ಭಾಷೆಯಲ್ಲೂ 'ಅತಿಯಾಯಿತು' ಎಂದೇ ಅರ್ಥ. ಹೆಸರಿಟ್ಟವರು ಪ್ರಾಮಾಣಿಕರು. ಅಲ್ಲಿನ ಒಂದು ಬುರಿತೊ ಆಗತಾನೇ ಹುಟ್ಟಿದ ಮಗುವಿನಷ್ಟು ತೂಗುತ್ತದೆ, ಅದನ್ನು ಎತ್ತಿಕೊಳ್ಳುವುದೂ ಹಾಗೆಯೇ, ತಲೆಗೆ ಆನಿಕೆ ಕೊಟ್ಟು.

ಪಾಸಿಯೊ ಆ ಹೋಟೆಲಿನ ಬಾಗಿಲು ತುಳಿದವನೇ ಅಲ್ಲ. "ಅನ್ನ, ಮಾಂಸ ಎಲ್ಲಾನೂ ರೊಟ್ಟೀಲಿ ಸುತ್ತಿ ಕೊಡೋರು ಅಡುಗೆಯವರೇನೇ? ಪೋಸ್ಟ್ ಆಫೀಸಿನವರು!" ಎಂದು ಹಂಗಿಸಿದ.

"ಹೋಗಿ ತಿಂದು ಆಮೇಲೆ ಮಾತಾಡಿ" ಎಂದಳು ಮಿನ್ಯಾಂಗ್, ಯಾಕೋ ಸ್ವಲ್ಪ ಖಾರವಾಗಿ.

ಆ ರಾತ್ರಿ ಹಲ್ಲುಜ್ಜುವಾಗ ಅವನಿಗೆ ಮಹದಾಲೋಚನೆ ಹೊಳೆಯಿತು. ಸೊಬ್ರಾದ ಅಡುಗೆಯವನು ದಾದೊ ತನ್ನ ಹಡಗಿನ ಗೆಳೆಯನ ಮಗನಲ್ಲವೇ! ತಾನು ಸುಟ್ಟ ಹಂದಿಯನ್ನು ಗುಟ್ಟಾಗಿ ಅವನ ಕೈಗೆ ದಾಟಿಸುವುದು. ಅವನು ಅದನ್ನು ದೋನ್ಯಾ ಕೂಕಾಳ ಬುರಿತೊದೊಳಗೆ ಸೇರಿಸುವುದು. ಆಕೆ ಹೋಟೆಲಿನದೆಂದು ತಿಳಿದು ಬಾಯಿ ಚಪ್ಪರಿಸುವುದು. ಆಗ ತಾನು ಎದ್ದು ನಿಂತು ಸತ್ಯವನ್ನು ಘೋಷಿಸುವುದು. ಕನ್ನಡಿಯೆದುರು ಆ ಘೋಷಣೆಯನ್ನು ಅವನು ಎರಡು ಸಲ ಅಭ್ಯಾಸ ಮಾಡಿದ.

ಮಂಗಳವಾರ ಮಿನ್ಯಾಂಗ್ ಅಂತೋನಿಯ ಕಡೆ ಹೊರಟದ್ದೇ ತಡ, ಪಾಸಿಯೊ ಹಿತ್ತಿಲಲ್ಲಿ ಬೆಂಕಿ ಹಚ್ಚಿದ. ಹತ್ತು ಗಂಟೆಗೆ ಹಂದಿಯ ಒಂದು ಪಕ್ಕೆಯನ್ನು ಟ್ರೇಯಲ್ಲಿಟ್ಟು ಟವೆಲು ಮುಚ್ಚಿಕೊಂಡು ಸೊಬ್ರಾದ ಹಿಂಬಾಗಿಲು ಬಡಿದ. ಬಾಗಿಲು ಒಂದು ಗೇಣು ತೆರೆಯಿತು. ದಾದೊನ ಮುಖ ಕಂಡಿತು, ಬೆವರಿತ್ತು.

"ಮಾಮಾ! ನೀವು! ಇಲ್ಲಿ!" ಎಂದು ಅವನು ಬೇಕಾದ್ದಕ್ಕಿಂತ ಜೋರಾಗಿ ಕೂಗಿದ. ಒಳಗೇನೋ ಪಾತ್ರೆ ಬಿತ್ತು.

"ಕೂಗಬೇಡವೋ. ಸರಿ, ದಾರಿ ಬಿಡು."

"ಒಳಗೆ ಬರೋ ಹಾಗಿಲ್ಲ ಮಾಮಾ. ರೂಲ್ಸು. ಹೊರಗಿನವರು ಬಂದ್ರೆ ಲೈಸೆನ್ಸೇ ಹೋಗುತ್ತೆ."

ಪಾಸಿಯೊ ಹೊಸ್ತಿಲಲ್ಲೇ ನಿಂತು, ಸಾಕಷ್ಟು ಗಟ್ಟಿಯಾಗಿ, ತನ್ನ ಇಡೀ ಗುಟ್ಟನ್ನು ವಿವರಿಸಿದ. ದಾದೊ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ. "ಅಲ್ಲ ಮಾಮಾ, ಅತ್ತೆಗೆ ಹೇಳಿದ್ದೀರಾ?"

"ನಿಮ್ಮತ್ತೆಗೆ ಹಂದಿ ವಿಷಯ ಏನು ಗೊತ್ತು? ಅವಳಿಗೆ ಸಾಸ್ ಮಾಡೋದು, ಸಂತರ ಸುತ್ತ ತಿರುಗೋದು, ಎರಡೇ ಬರೋದು" ಎಂದ ಪಾಸಿಯೊ. ದಾದೊ ಕಣ್ಣು ಮುಚ್ಚಿಕೊಂಡು ಟ್ರೇ ಈಸಿಕೊಂಡ.

ಹನ್ನೆರಡಕ್ಕೆ ಎಲ್ಲರೂ ಬಂದು ಕೂತರು. ಮಿನ್ಯಾಂಗ್ ನೇರವಾಗಿ ನೊವೇನಾದಿಂದಲೇ ಬಂದಿದ್ದಳು. ಮುಖ ಭಕ್ತಿಯಿಂದ ಕೆಂಪೇರಿತ್ತು. ದೋನ್ಯಾ ಕೂಕಾ ಕಪ್ಪು ಉಡುಪಿನಲ್ಲಿ, ಕೋರ್ಟಿಗೆ ಬಂದ ಜಡ್ಜಿನ ಹಾಗೆ ಕೂತಿದ್ದಳು. ಇಬ್ಬರು ಹುಡುಗಿಯರು ಒಂದು ಮರದ ಹಲಗೆಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು, ಮೇಜು ಕಿರ್ರೆಂದಿತು. ಹಲಗೆಯ ಮೇಲೆ ಐದು ಬುರಿತೊಗಳು: ಮೂರು ಬಿಳಿ ರೊಟ್ಟಿಯವು, ಎರಡು ನೇರಳೆ ಗೆಣಸಿನ ರೊಟ್ಟಿಯವು.

ಯಾವುದು ಯಾರ ಮುಂದೆ ಹೋಗಬೇಕೆಂದು ಹುಡುಗಿಯರು ಬಾಯಿ ತೆರೆಯುವಷ್ಟರಲ್ಲಿ ಮಿನ್ಯಾಂಗ್ ಚಾಕು ಎತ್ತಿಕೊಂಡು ಐದನ್ನೂ ತುಂಡು ತುಂಡು ಮಾಡಿ ಹಲಗೆಯ ತುಂಬ ಹರಡಿಬಿಟ್ಟಳು. ತಪ್ಪೇನೂ ಇರಲಿಲ್ಲ. ಗಲಾಂಗ್ ಮನೆತನದಲ್ಲಿ ತನ್ನ ತಟ್ಟೆ ತನಗೆಂದು ಹಿಡಿದು ಕೂತು ತಿಂದವನು ಇದುವರೆಗೆ ಹುಟ್ಟಿಲ್ಲ, ಎಲ್ಲವೂ ನಡುವೆ, ಎಲ್ಲರೂ ಸುತ್ತ. ಆದರೂ ಪಾಸಿಯೊ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

"ಏನೇ ಇದು, ಎಲ್ಲಾ ಬೆರೆಸಿಬಿಟ್ಟೆ?"

"ಮತ್ತೇನು, ಬೀಗಿತ್ತಿ ಒಂದನ್ನೇ ತಿನ್ನಬೇಕಾ? ನಾಚಿಕೆಯಾಗಬೇಕು ನಿಮಗೆ."

ಪಾಸಿಯೊ ಕೂಡಲೇ ಸಮಾಧಾನ ಮಾಡಿಕೊಂಡ. ತನ್ನ ಹಂದಿ ತನಗೆ ಗೊತ್ತಾಗದೇ? ಹೆತ್ತವನಿಗೆ ಮಗುವಿನ ಗುರುತು ಸಿಗದೇ?

ಬುರಿತೊಗೆ ಕೈ ಹಾಕುವ ಮುಂಚೆಯೇ, ಜೊತೆಗೆ ಬಂದ ಅನ್ನ, ಬೇಯಿಸಿದ ಕಾಳುಗಳ ಮೇಲೆ ಮೊದಲ ಅರ್ಧ ಗಂಟೆ ಬೇರೆಯೇ ಯುದ್ಧ ನಡೆಯಿತು. ಅತಿಥಿಯ ತಟ್ಟೆ ಬರಿದಾದರೆ ಪಾಸಿಯೊನಿಗೆ ಅವಮಾನ, ಆದ್ದರಿಂದ ಬಡಿಸುತ್ತಿದ್ದ. ಬಡಿಸಿದ್ದನ್ನು ಬಿಟ್ಟರೆ ದೋನ್ಯಾ ಕೂಕಾಳಿಗೆ ಪಾಪ, ಆದ್ದರಿಂದ ತಿನ್ನುತ್ತಿದ್ದಳು. ಅವಳು ಮುಗಿಸಿದಂತೆಲ್ಲ ಇವನು ಹಾಕಿದ, ಇವನು ಹಾಕಿದಂತೆಲ್ಲ ಅವಳು ಮುಗಿಸಿದಳು. ಇಬ್ಬರೂ ಮನಸ್ಸಿನಲ್ಲೇ ಒಬ್ಬರನ್ನೊಬ್ಬರು ಶಪಿಸುತ್ತ, ಬಾಯಲ್ಲಿ ನಗುತ್ತ ಬೆವೆತುಹೋದರು. ಚೇಯೊ ಯಾರಿಗೂ ಕಾಣದ ಹಾಗೆ ತನ್ನ ಬೆಲ್ಟು ಸಡಿಲಿಸಿದ.

ಅಷ್ಟರಲ್ಲಿ ಪಾಸಿಯೊ ಒಂದು ನೇರಳೆ ತುಂಡನ್ನು ಬಾಯಿಗಿಟ್ಟ. ಅಗಿದ. ಇನ್ನೊಮ್ಮೆ ಅಗಿದ. ಕರವಸ್ತ್ರದಲ್ಲಿ ಉಗಿದ.

"ಇದೇನು ಹಂದೀನೋ ಚಪ್ಪಲೀನೋ? ಉಪ್ಪಿಲ್ಲ, ರಸ ಇಲ್ಲ, ಬರೀ ಹೊಗೆ. ಇದನ್ನ ಸುಟ್ಟೋನ ಕೈಗೆ ಇನ್ನು ಮೇಲೆ ಬೆಂಕಿಪೊಟ್ಟಣಾನೂ ಕೊಡಬಾರದು!"

"ಹಾಗನ್ನಬೇಡೀಂದ್ರೆ" ಎಂದಳು ಮಿನ್ಯಾಂಗ್ ಮೆಲ್ಲಗೆ. "ಪಾಪ, ಯಾರೋ ಕಷ್ಟಪಟ್ಟು ಸುಟ್ಟಿರ್ತಾರೆ."

"ಕಷ್ಟ ಪಟ್ಟಿದ್ದು ಹಂದಿ ಕಣೇ!"

ಆಗಲೇ ದೋನ್ಯಾ ಕೂಕಾ ಬಿಳಿ ರೊಟ್ಟಿಯ ತುಂಡೊಂದನ್ನು ಕಚ್ಚಿದಳು. ಚರ್ಮ ಮುರಿದ ಕರಕರ ಸದ್ದು ಮೇಜಿನ ಆ ತುದಿಗೂ ಕೇಳಿಸಿತು. ಆಕೆ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಂಚಿನಲ್ಲಿ ನೀರಾಡಿತು. "ತಾಯೀ! ಇದು ಕರಗ್ತಾ ಇದೆ" ಎಂದಳು.

ಪಾಸಿಯೊ ತಾನೂ ಒಂದು ಬಿಳಿ ತುಂಡು ಬಾಯಿಗೆ ಹಾಕಿಕೊಂಡ. ಮಜ್ಜಿಗೆಹುಲ್ಲಿನ ಪರಿಮಳ, ಬೆಳ್ಳುಳ್ಳಿ, ಗರಿಗರಿ ಚರ್ಮದಡಿ ಬೆಣ್ಣೆಯಂಥ ಮಾಂಸ. ಅವನಿಗೂ ಕಣ್ಣು ತುಂಬಿ ಬಂತು. ಇದು ತನ್ನದೇ! ಇಷ್ಟು ಚೆನ್ನಾಗಿ ಸುಡುತ್ತೇನೆಂದು ತನಗೇ ಗೊತ್ತಿರಲಿಲ್ಲವಲ್ಲ! ಅವನು ಲೋಟಕ್ಕೆ ಚಮಚ ಬಡಿದು ಎದ್ದು ನಿಂತ.

"ಬೀಗಿತ್ತಿಯವರೇ! ಮಹಾಜನರೇ! ಈ ಹಂದಿ ಹೋಟೆಲಿನದಲ್ಲ. ಇದರ ಹಿಂದೆ ಒಂದು ಕೈ ಇದೆ. ಮೂವತ್ತು ವರ್ಷ ಈ ಕೈಯನ್ನ ಜನ ಸರಿಯಾಗಿ ಗುರುತಿಸಲಿಲ್ಲ. ಇವತ್ತು ಸತ್ಯ ಹೊರಗೆ ಬರಲಿ. ದಾದೊ, ಬಾರೋ ಇಲ್ಲಿ. ಈ ಬಿಳಿ ರೊಟ್ಟಿಯೊಳಗಿನ ಹಂದಿ ಯಾರು ಸುಟ್ಟಿದ್ದು, ಹೇಳು!"

ದಾದೊ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ. "ಮಾಮಾ, ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ."

"ನಿಮ್ದು ನೇರಳೆ ಮಾಮಾ."

ಪಕ್ಕದ ಮೇಜಿನವರೂ ಅಗಿಯುವುದನ್ನು ನಿಲ್ಲಿಸಿದರು. ಪಾಸಿಯೊ ಕೂತ. ಅವನ ಕಣ್ಣು ಕರವಸ್ತ್ರದ ಮೇಲೆ ಹೋಯಿತು. "ಹಾಗಾದ್ರೆ ಬಿಳೀದು?"

ದಾದೊ ಚಾವಣಿ ನೋಡಿದ. ದೋನ್ಯಾ ಕೂಕಾ ಮಾತ್ರ ಮೇಜಿನಾಚೆಯಿಂದ ಕೈ ಚಾಚಿ ಮಿನ್ಯಾಂಗಳ ಮಣಿಕಟ್ಟು ಹಿಡಿದು ಬೆಳಕಿಗೆ ತಿರುಗಿಸಿದಳು. ನಂತರ ತನ್ನ ಉಡುಪಿನ ತೋಳು ಮೇಲೆ ಸರಿಸಿ ತೋರಿಸಿದಳು. ಅಷ್ಟೇ ಉದ್ದದ, ಅಂಥದೇ ಗಾಯದ ಗುರುತು.

"ದೊಡ್ಡ ಒಲೆ ಬಾಗಿಲಿಂದು ಇದು. ಇಪ್ಪತ್ತು ವರ್ಷ ಬೇಕರೀಲಿದ್ದವಳು ನಾನು, ನನಗೆ ಗೊತ್ತಾಗಲ್ವಾ? ನಿಮ್ಮದೇನಾ ಬೀಗಿತ್ತೀ?"

ಮಿನ್ಯಾಂಗ್ ತಲೆಯಾಡಿಸಿದಳು.

"ಮತ್ತೆ... ಸಂತ ಅಂತೋನಿ?" ಎಂದ ಪಾಸಿಯೊ, ಸಣ್ಣ ದನಿಯಲ್ಲಿ.

"ಆರಕ್ಕೆ ಹೋಗಿ ದೀಪ ಹಚ್ಚಿ ಕೈ ಮುಗೀತೀನಿ. ಆರೂಕಾಲಿಗೆ ಇಲ್ಲಿ ಒಲೆ ಹಚ್ತೀನಿ. ಸುಳ್ಳು ಹೇಳಿಲ್ಲ." ಅವಳು ಮಣಿಕಟ್ಟು ಬಿಡಿಸಿಕೊಂಡು ಗಂಡನ ಕಡೆ ತಿರುಗಿದಳು. "ಮೂವತ್ತು ವರ್ಷ ನಮ್ಮ ಹಿತ್ತಿಲಲ್ಲಿ ಹಂದಿ ಸುಟ್ರಿ. ಒಂದಿನ ಆ ಬಿದಿರು ಮುಟ್ಟೋಕೆ ಬಿಟ್ರಾ? ಹೆಂಗಸಿನ ನೆರಳು ಬಿದ್ರೆ ಚರ್ಮ ಗರಿಗರಿ ಆಗಲ್ಲ ಅಂದ್ರಿ. ನಮ್ಮಪ್ಪ ಊರಿಗೇ ಹಂದಿ ಸುಡ್ತಿದ್ದೋರು. ಪಕ್ಕದಲ್ಲಿ ಕೂತು ಕಲ್ತೋಳು ನಾನು. ನೀವು ಒಣಗಿಸೋದನ್ನ ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗಿತ್ತು."

"ಹಾಗಾದ್ರೆ ಬೆಳಗ್ಗೆ ಹಿಂಬಾಗಿಲಲ್ಲಿ..."

"ಫ್ರಿಜ್ ಹಿಂದೆ ಇದ್ದೆ. ಎಲ್ಲಾ ಕೇಳಿಸ್ತು. ನೇರಳೆ ರೊಟ್ಟೀಲಿ ಸುತ್ತು ಅಂದಿದ್ದೂ ನಾನೇ. ನಿಮ್ಮ ಹಂದಿ ನಿಮಗೆ ಗುರುತು ಸಿಗುತ್ತೋ ಇಲ್ವೋ ನೋಡಬೇಕಿತ್ತು."

ಅರ್ಲೀನ್ ಮೇಜಿನ ಕೆಳಗೆ ಬಿದ್ದ ಚಮಚವನ್ನು ತುಂಬ ಹೊತ್ತು ಹುಡುಕಿದಳು. ಮೇಜು ಅದುರುತ್ತಿದ್ದುದರಿಂದ ಅವಳು ನಗುತ್ತಿರುವುದು ಎಲ್ಲರಿಗೂ ಗೊತ್ತಾಯಿತು. ದೋನ್ಯಾ ಕೂಕಾ ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟಳು. "ಮಾತು ಅಂದ್ರೆ ಮಾತು. ಮೇಕೆ ಬದುಕಿಕೊಂಡಿತು. ಮದುವೆಗೆ ಹಂದೀನೇ ಆಗಲಿ. ಆದ್ರೆ ಸುಡೋದು ನನ್ನ ಬೀಗಿತ್ತಿ."

ಪಾಸಿಯೊ ಗೆದ್ದಿದ್ದ. ಮಗಳ ಮದುವೆಯಲ್ಲಿ ಲೆಚೋನ್ ಇರುತ್ತದೆ. ಆದರೂ ಗೆದ್ದವನ ಮುಖ ಹಾಗಿರುವುದಿಲ್ಲ. "ಮತ್ತೆ ನಾನೇನು ಮಾಡಲಿ?" ಎಂದು ಕೇಳಿದ.

"ಸಾಸ್ ಯಾರಾದ್ರೂ ಕುದಿಸಬೇಕಲ್ಲ" ಎಂದಳು ಮಿನ್ಯಾಂಗ್.

ಎಲ್ಲರೂ ಎದ್ದರು. ಹಲಗೆಯ ಮೇಲೆ ಒಂದು ತುಣುಕು ಬಿಳಿಯೂ ಉಳಿದಿರಲಿಲ್ಲ. ನೇರಳೆಯೆಲ್ಲ ಹಾಗೇ ಇತ್ತು. ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಒಂದಗುಳು ಬಿಡದ ದೋನ್ಯಾ ಕೂಕಾ ಕೂಡ ತನ್ನ ತಟ್ಟೆಯಂಚಿಗೆ ಒಂದು ನೇರಳೆ ತುಂಡನ್ನು ಸರಿಸಿ, ಶಿಲುಬೆಯ ಗುರುತು ಹಾಕಿಕೊಂಡು ಎದ್ದಿದ್ದಳು. ಮಿನ್ಯಾಂಗ್ ಕೈಚೀಲದಿಂದ ಅಲ್ಯುಮಿನಿಯಂ ಹಾಳೆಯ ಸುರುಳಿ ತೆಗೆದಳು (ಅದಿಲ್ಲದೆ ಅವರ ಪೈಕಿ ಯಾವ ಹೆಂಗಸೂ ಹೊರಗೆ ಊಟಕ್ಕೆ ಹೋಗುವುದಿಲ್ಲ). ನೇರಳೆ ತುಂಡುಗಳನ್ನೆಲ್ಲ ಒಟ್ಟು ಮಾಡಿ, ಬಿಗಿಯಾಗಿ ಸುತ್ತಿ, ಆ ಗಂಟನ್ನು ತಂದು ಗಂಡನ ತೋಳಿನಲ್ಲಿಟ್ಟಳು. ಅವನು ಅರಿವಿಲ್ಲದೆಯೇ ತಲೆಗೆ ಆನಿಕೆ ಕೊಟ್ಟು ಎತ್ತಿಕೊಂಡ.

"ನಾಳೆ ಬುಧವಾರ, ನನಗೆ ಮಾತೆಯ ನೊವೇನಾ ಇದೆ" ಎಂದಳು. "ತಿಂಡಿಗೆ ಕಾಯಬೇಡಿ. ಇದನ್ನೇ ಬಿಸಿ ಮಾಡ್ಕೊಂಡು ತಿನ್ನಿ."

ಸೊಬ್ರಾದ ಅಳತೆಯಲ್ಲಿ ಅದು ಶನಿವಾರದ ಸಂತನವರೆಗೂ ಸಾಕಾಗುವಷ್ಟಿತ್ತು.